ಆ ಅಡಾಪ್ಟರ್ ಪ್ಲಗ್‌ಗೆ ಹಾಕಬೇಡಿ ಸಾರ್

ಸಾರ್, ಹಳೆಯ ಲಾನ್ ಸ್ಪ್ರಿಂಕ್ಲರನ್ನು ಮೊಬೈಲಿನಿಂದ ಓಡಿಸಬೇಕು ಅಂತ ನೀವು ಹಾಕಿರುವ ಫೋಟೋ ಈಗಷ್ಟೇ ನೋಡಿದೆ. ಮೂರು ವಾಲ್ವ್, ಕೆಟ್ಟುಹೋದ ಟೈಮರ್, ಹೊಸದಾಗಿ ತಂದ ನಾಲ್ಕು ಚಾನೆಲ್‌ನ (ಅಂದರೆ ನಾಲ್ಕು ಸ್ವಿಚ್ಚಿನ) ವೈಫೈ ಬೋರ್ಡು, ಪಕ್ಕದಲ್ಲಿ ಎಲ್‌ಇಡಿ ಪಟ್ಟಿಗೆ ಹಾಕುವ 24 ವೋಲ್ಟಿನ ಅಡಾಪ್ಟರ್. ನಾಲ್ಕನೇ ಚಾನೆಲ್ ಮೇಲೆ ಪೆನ್ನಲ್ಲಿ 'ಮೋಟಾರ್' ಅಂತ ಬರೆದಿದ್ದೀರಿ. ಕೆಲವು ವರ್ಷದ ಹಿಂದೆ ನಾನು ಮಾಡಿದ್ದೂ ಇದೇ ಜೋಡಣೆ. ಪೆನ್ನಲ್ಲಿ ಬರೆದಿದ್ದು ಕೂಡ ಸೇರಿ. ಅದಕ್ಕೇ ಊಟಕ್ಕೆ ಕರೆದರೂ ಹೋಗದೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಡಾಪ್ಟರ್ ವಿಷಯ. ನಿಮ್ಮ ವಾಲ್ವಿನ ಕಾಯಿಲ್, ಅಂದರೆ ವಾಲ್ವ್ ತೆರೆಸುವ ತಂತಿಯ ಸುರುಳಿ, 24 ವೋಲ್ಟ್ ಎಸಿಯದ್ದು, ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿನದು. ಅಡಾಪ್ಟರ್ ಕೊಡುವುದು 24 ವೋಲ್ಟ್ ಡಿಸಿ, ಒಂದೇ ದಿಕ್ಕಿನದು. ಎರಡೂ 24 ತಾನೇ ಅಂತ ನಾನೂ ಅಂದುಕೊಂಡಿದ್ದೆ. ಎಸಿಯಲ್ಲಿ ಈ ಕಾಯಿಲ್ ಎಳೆಯುವುದು ಹೆಚ್ಚುಕಡಿಮೆ 0.23 ಆಂಪ್ಸ್, ಯಾಕೆಂದರೆ ಎಸಿಗೆ ಕಾಯಿಲ್ ತಾನೇ ಅಡ್ಡ ನಿಲ್ಲುತ್ತದೆ. ಡಿಸಿಗೆ ಆ ಅಡ್ಡಿ ಇಲ್ಲ, ಬರೀ ತಂತಿಯ ಓಮ್ ಮಾತ್ರ. 35 ಓಮ್ ಇದ್ದರೆ ಸುಮಾರು 0.7 ಆಂಪ್ಸ್ ಹೋಗುತ್ತದೆ. ಕರೆಂಟು ಮೂರು ಪಟ್ಟು, ಬಿಸಿ ಒಂಬತ್ತು ಪಟ್ಟು. ಮೊದಲ ದಿನ ಚೆನ್ನಾಗಿಯೇ ಓಡುತ್ತದೆ, ಅದೇ ಮೋಸ. ನನ್ನದು ನಾಲ್ಕನೇ ದಿನ ವಾಲ್ವ್ ಬಾಕ್ಸಿನ ಮುಚ್ಚಳ ತೆಗೆದರೆ ಸುಟ್ಟ ವಾಸನೆ, ಕಾಯಿಲ್ ಮುಟ್ಟಲು ಆಗಲಿಲ್ಲ.

12 ವೋಲ್ಟ್ ಡಿಸಿ ಕೊಟ್ಟರೆ ಓಡುತ್ತೆ ಅಂತ ಇಲ್ಲೇ ಯಾರಾದರೂ ಬರೆಯುತ್ತಾರೆ, ನೋಡುತ್ತಿರಿ. ಓಡಬಹುದು. ಆದರೆ ಒದ್ದೆ ಮಣ್ಣಿನಲ್ಲಿ ಡಿಸಿ ಹರಿದರೆ ಜಾಯಿಂಟಿನ ತಾಮ್ರ ಹಸಿರುಗಟ್ಟಿ ಪುಡಿಯಾಗುತ್ತದೆ. ಸುಮ್ನೆ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ 230ರಿಂದ 24 ವೋಲ್ಟ್ ಎಸಿ ಕೊಡುವ ಟ್ರಾನ್ಸ್‌ಫಾರ್ಮರ್ ಕೇಳಿ. ಒಂದೂವರೆ ಆಂಪ್ಸಿನದು ತನ್ನಿ. ಹಳೆಯ ಟೈಮರಿನ ಒಳಗೇ ಒಂದಿರುತ್ತದೆ, ಅದು ಇನ್ನೂ 24 ಕೊಡುತ್ತಿದ್ದರೆ ಅದನ್ನೇ ಬಳಸಿ. ನನ್ನ ಹಳೆಯ ಟೈಮರಿನಲ್ಲಿ ಬೋರ್ಡು ಸತ್ತಿತ್ತು, ಟ್ರಾನ್ಸ್‌ಫಾರ್ಮರ್ ಗಟ್ಟಿಮುಟ್ಟಾಗಿತ್ತು. ಅದು ಗೊತ್ತಾಗಿದ್ದು ಗುಜರಿಗೆ ಹಾಕಿದ ಮೇಲೆ.

ಬೋರ್ಡಿನ ಬಗ್ಗೆಯೂ ಒಂದು ಮಾತು. ಕೆಲವು ವೈಫೈ ಬೋರ್ಡಿನಲ್ಲಿ ಔಟ್‌ಪುಟ್ ಪಿನ್ನಿಗೆ ನೇರ 230 ವೋಲ್ಟೇ ಬರುತ್ತದೆ. ಅದನ್ನು ವಾಲ್ವಿಗೆ ಕೊಟ್ಟರೆ ಕಾಯಿಲ್ ಮಾತ್ರ ಅಲ್ಲ, ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರ ಕಥೆಯೂ ಮುಗಿಯಿತು. ಡ್ರೈ ಕಾಂಟ್ಯಾಕ್ಟ್ ಇರುವುದೇ ಬೇಕು, ಅಂದರೆ ತಾನು ಕರೆಂಟು ಕೊಡದೆ ಬರೀ ಸ್ವಿಚ್ಚಿನ ಹಾಗೆ ಎರಡು ವಯರ್ ಸೇರಿಸುವುದು. ಸೋನಾಫ್ ಕಂಪನಿಯ ಬೋರ್ಡುಗಳಲ್ಲಿ 4ಸಿಎಚ್ ಪ್ರೊ ಅಂಥದ್ದು, ಪ್ರೊ ಇಲ್ಲದ 4ಸಿಎಚ್ ಅಲ್ಲ. ನಿಮ್ಮ ಫೋಟೋದಲ್ಲಿ ಅದು ಯಾವುದು ಅಂತ ಕಾಣುತ್ತಿಲ್ಲ. ಒಂದೊಂದು ಚಾನೆಲ್‌ಗೂ ಮೂರು ಸ್ಕ್ರೂ ಇದ್ದು, ಎನ್‌ಒ, ಕಾಮ್, ಎನ್‌ಸಿ ಅಂತ ಬರೆದಿದ್ದರೆ ಸರಿ.

ಈಗ ನಿಜವಾದ ಅಪಾಯಕ್ಕೆ ಬರುತ್ತೇನೆ, ನಿಮ್ಮ ನಾಲ್ಕನೇ ಚಾನೆಲ್. ನಮ್ಮದು ಮೈಸೂರಿನ ಹೊರಗೆ. ಬೋರಿನ ನೀರು ಸಂಪಿಗೆ ಬೀಳುತ್ತದೆ, ಅಲ್ಲಿಂದ 1 ಎಚ್‌ಪಿ ಮೋಟಾರ್ ಲಾನಿಗೆ ತಳ್ಳುತ್ತದೆ. ಬೋರ್ಡಿನ ಮೇಲೆ 10 ಆಂಪ್ಸ್ ಅಂತ ಬರೆದಿತ್ತು. ಮೋಟಾರ್ ಓಡುವಾಗ ಎಳೆಯುವುದು ಆರೇಳು ಆಂಪ್ಸ್. ಲೆಕ್ಕ ಸರಿ ಇದೆಯಲ್ಲ ಅಂತ ನೇರ ಅದಕ್ಕೇ ಕೊಟ್ಟೆ. ಸ್ಟಾರ್ಟ್ ಆಗುವ ಆ ಒಂದು ಕ್ಷಣ ಅದೇ ಮೋಟಾರ್ ಐದಾರು ಪಟ್ಟು ಎಳೆಯುತ್ತದೆ ಅನ್ನುವುದು ಹೊಳೆಯಲಿಲ್ಲ. ಪ್ರತಿ ಸಲ ಆನ್ ಆದಾಗಲೂ ರಿಲೇ (ಬೋರ್ಡು ತಾನೇ ಒತ್ತುವ ಸ್ವಿಚ್) ಒಳಗಿನ ಪುಟ್ಟ ಕಾಂಟ್ಯಾಕ್ಟ್ ಒಂದು ಕಿಡಿ ತಿನ್ನುತ್ತದೆ. ಒಂದು ದಿನ ಎರಡೂ ತುದಿ ಬೆಸುಗೆ ಹಾಕಿದ ಹಾಗೆ ಅಂಟಿಕೊಳ್ಳುತ್ತವೆ.

ನನ್ನದು ಅಂಟಿದ್ದು ನಾವು ಮಗಳ ಬಾಣಂತನಕ್ಕೆ ಅಂತ ಹುಬ್ಬಳ್ಳಿಗೆ ಹೋಗಿದ್ದಾಗ. ಸಂಜೆ ಅಲ್ಲಿಂದಲೇ ಮೊಬೈಲ್ ತೆಗೆದು ಬೀಗರಿಗೆ ತೋರಿಸಿದೆ, ನೋಡಿ ಇಲ್ಲಿ ಒತ್ತಿದರೆ ಮೈಸೂರಲ್ಲಿ ನೀರು ಅಂತ. ಹತ್ತು ನಿಮಿಷ ಬಿಟ್ಟು ಆಫ್ ಒತ್ತಿದೆ. ವಾಲ್ವ್ ಮುಚ್ಚಿತು. ಮೋಟಾರ್ ನಿಲ್ಲಲಿಲ್ಲ. ಆ್ಯಪ್‌ನಲ್ಲಿ ನಾಲ್ಕೂ ಬಟನ್ ಬೂದು ಬಣ್ಣ, ಎಲ್ಲಾ ಆಫ್. ಬೋರ್ಡು ಹೇಳುವುದು ತಾನು ಏನು ಆಜ್ಞೆ ಕೊಟ್ಟೆ ಅಂತ ಅಷ್ಟೇ, ಮೋಟಾರ್ ನಿಂತಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನೀರು ಹೋಗಲು ದಾರಿ ಇಲ್ಲದೆ ಮೋಟಾರ್ ಒಳಗಿನ ಅದೇ ನೀರನ್ನು ರಾತ್ರಿಯೆಲ್ಲಾ ಕಡೆಯಿತು. ನೀರು ಕಾದಿತು. ಪಿವಿಸಿ 60 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ. ಬೆಳಗಿನ ಜಾವ ಡೆಲಿವರಿ ಪೈಪು ಜಾಯಿಂಟಿನಿಂದ ಕಿತ್ತುಕೊಂಡು ಬಂತು. ಅಲ್ಲಿಂದ ಸಂಪು ಖಾಲಿ, ಆಮೇಲೆ ಒಣ ಓಟ. ಪಕ್ಕದ ಮನೆಯವರು ಫೋನ್ ಮಾಡಿ, "ನಿಮ್ಮ ಕಾಂಪೌಂಡಿಂದ ರಸ್ತೆಗೆ ನೀರು ಬರ್ತಿದೆ, ಮೋಟಾರ್ ಕಿರುಚ್ತಿದೆ" ಅಂದಾಗ ಬೆಳಗ್ಗೆ ಆರು. ರೀವೈಂಡಿಂಗ್, ಸೀಲು, ಹೊಸ ಪೈಪು, ಜೊತೆಗೆ ಬೀಗರ ಮುಂದೆ ಮರ್ಯಾದೆ.

ಹಾಗಾಗಿ ಮೋಟಾರಿಗೆ ಕಾಂಟ್ಯಾಕ್ಟರ್ (ಭಾರಿ ಕರೆಂಟು ತಾಳುವ ದೊಡ್ಡ ರಿಲೇ) ಹಾಕಿ. ವೈಫೈ ಬೋರ್ಡು ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ಎಳೆಯಲಿ, ಮೋಟಾರಿನ ಭಾರ ಕಾಂಟ್ಯಾಕ್ಟರ್ ಹೊರಲಿ. ಲಾರಿಟ್ಜ್ ಕ್ನುಡ್ಸನ್ (ಹಿಂದಿನ ಎಲ್ ಅಂಡ್ ಟಿ ಸ್ವಿಚ್‌ಗೇರ್) ಆಗಲಿ, ಷ್ನೈಡರ್ ಆಗಲಿ, ಹೆಸರಿರುವ ಕಂಪನಿಯದು ತನ್ನಿ. ಹೆಸರೇ ಇಲ್ಲದ ಅಗ್ಗದ್ದು ತಂದು 'ಪರವಾಗಿಲ್ಲ' ಅನ್ನುವ ಜಾಗ ಇದಲ್ಲ. ಕರೆಂಟು ಹೆಚ್ಚಾದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ, ನೀರಿಲ್ಲದಾಗ ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್, ಎರಡೂ ಇರಲೇಬೇಕು. ಪ್ರತಿ ಚಾನೆಲ್‌ಗೂ ಆ್ಯಪ್‌ನಲ್ಲಿ ಇಂಚಿಂಗ್ ಇಡಿ. ಅಂದರೆ ಆನ್ ಆದ ಇಷ್ಟು ನಿಮಿಷಕ್ಕೆ ತಾನೇ ಆಫ್. ನೆಟ್ ಹೋದರೂ ಬೋರ್ಡೇ ನಿಲ್ಲಿಸುತ್ತದೆ. ಇದು ಇಲ್ಲದೆ ಮೊಬೈಲಿನಿಂದ ಒತ್ತಿ ನಿಲ್ಲಿಸುತ್ತೇನೆ ಅನ್ನುವವರು ಒಂದಲ್ಲ ಒಂದು ದಿನ ಟವರ್ ಇಲ್ಲದ ಘಾಟಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಕ್ರಮವೂ ಮುಖ್ಯ: ವಾಲ್ವ್ ಮೊದಲು ತೆರೆಯಬೇಕು, ಆಮೇಲೆ ಮೋಟಾರ್. ನಿಲ್ಲಿಸುವಾಗ ಮೋಟಾರ್ ಮೊದಲು.

ಮೋಟಾರೇ ಬೇಡ, ಓವರ್‌ಹೆಡ್ ಟ್ಯಾಂಕಿನಿಂದ ಕೊಡಿ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ದಯವಿಟ್ಟು ಬೇಡ. 10 ಮೀಟರ್ ಎತ್ತರಕ್ಕೆ 1 ಬಾರ್ ಪ್ರೆಷರ್. ಎರಡು ಮಹಡಿಯ ಮೇಲಿನ ಟ್ಯಾಂಕು ಅಷ್ಟೂ ಕೊಡುವುದಿಲ್ಲ. ಒಳಗೆ ರಬ್ಬರ್ ಪರದೆ ಇರುವ ಈ ಡಯಾಫ್ರಮ್ ವಾಲ್ವ್‌ಗಳು ತೆರೆಯುವುದು ಮುಚ್ಚುವುದು ನೀರಿನ ಪ್ರೆಷರಿನಿಂದಲೇ, ಕಾಯಿಲ್ ಬರೀ ಒಂದು ಸಣ್ಣ ರಂಧ್ರ ತೆಗೆಯುತ್ತದೆ. 1 ಬಾರ್ ಕೆಳಗೆ ಅರ್ಧ ತೆರೆದು ಹಾಗೇ ನಿಲ್ಲಬಹುದು, ಮುಚ್ಚದೇ ಜಿನುಗಬಹುದು. ನೆಲದಿಂದ ಏಳುವ ಪಾಪ್‌ಅಪ್ ಸ್ಪ್ರಿಂಕ್ಲರ್ ಕೂಡ ಪೂರ್ತಿ ಮೇಲೇಳುವುದಿಲ್ಲ. ಬರೀ ಡ್ರಿಪ್ ಆದರೆ ಬೇರೆ ಮಾತು, ಅದಕ್ಕೆ ತನ್ನದೇ ಪುಟ್ಟ ಮೋಟಾರಿನಿಂದ ತಿರುಗುವ ಬಾಲ್ ವಾಲ್ವ್ ಸಿಗುತ್ತದೆ.

ಇಷ್ಟೆಲ್ಲಾ ಹೇಳಿದ ಮೇಲೆ, ನಾನಾಗಿದ್ದರೆ ಇನ್ನೂ ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಮಾಡುವ ಕೆಲಸ ಒಂದಿದೆ. ಮೋಟಾರ್ ಆನ್ ಮಾಡಿ, ವಾಲ್ವ್ ಹತ್ತಿರ ಕೂತು, ಕಾಯಿಲನ್ನು ಕೈಯಲ್ಲೇ ಕಾಲು ಸುತ್ತು ಸಡಿಲಿಸಿ. ಸ್ಪ್ರಿಂಕ್ಲರ್ ಎದ್ದರೆ, ವಾಪಸ್ ತಿರುಗಿಸಿದಾಗ ಮಲಗಿದರೆ, ನೀರಿನ ಕಡೆ ಎಲ್ಲಾ ಚೆನ್ನಾಗಿದೆ, ನಿಮ್ಮ ತೊಂದರೆ ಬರೀ ಕರೆಂಟಿನದು. ಏಳದಿದ್ದರೆ ಡಯಾಫ್ರಮ್ ಹರಿದಿದೆ ಅಥವಾ ಮರಳು ಕೂತಿದೆ, ಅದಕ್ಕೆ ಯಾವ ವೈಫೈಯೂ ಮದ್ದಲ್ಲ. ಆಮೇಲೆ ಕಾಯಿಲಿನ ಎರಡು ವಯರಿಗೆ ಮೀಟರ್ ಹಿಡಿಯಿರಿ. 20ರಿಂದ 60 ಓಮ್ ಒಳಗೆ ಬಂದರೆ ಜೀವ ಇದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಏನೂ ತೋರಿಸದಿದ್ದರೆ ತುಂಡಾಗಿದೆ. ಇದೇ ಲೆಕ್ಕ ಮನೆಯಲ್ಲಿ ಟೈಮರ್ ಇದ್ದ ತುದಿಯಿಂದಲೂ ಮಾಡಿ, ಕಾಮನ್ ವಯರಿಗೂ (ಎಲ್ಲಾ ವಾಲ್ವಿಗೂ ಸೇರಿ ಹೋಗುವ ಒಂದೇ ವಯರ್) ಒಂದೊಂದು ವಾಲ್ವಿನ ವಯರಿಗೂ ನಡುವೆ. ಬಾಕ್ಸಿನ ಹತ್ತಿರ 35 ಬಂದು ಮನೆಯಲ್ಲಿ ಏನೂ ಬರದಿದ್ದರೆ ನಡುವೆ ಹೆಗ್ಗಣ ಊಟ ಮಾಡಿದೆ ಅಂತ ಅರ್ಥ. ನಮ್ಮಲ್ಲಿ ಎರಡು ಸಲ ಆಗಿದೆ. ಈಗ ವಯರನ್ನು ಪೂರ್ತಿ ಪೈಪಿನೊಳಗೆ ಹಾಕಿದ್ದೇನೆ. ಜಾಯಿಂಟಿಗೆ ಬರೀ ಕಪ್ಪು ಟೇಪ್ ಸುತ್ತಬೇಡಿ, ಜೆಲ್ ತುಂಬಿದ ಕನೆಕ್ಟರ್ ಹಾಕಿ.

ರೆಡಿಮೇಡ್ ಸ್ಪ್ರಿಂಕ್ಲರ್ ಕಂಟ್ರೋಲರ್ ತಗೊಳ್ಳೋದಾ ಅಂತಲೂ ಕೇಳಿದ್ದೀರಿ. ದುಡ್ಡು ಇದ್ದರೆ ಹೌದು. ಹಂಟರ್ ಕಂಪನಿಯ ಎಕ್ಸ್2 ಕಂಟ್ರೋಲರಿಗೆ ವೈಫೈ ಕಡ್ಡಿ ಬೇರೆ ಸಿಗುತ್ತದೆ, ರೇನ್ ಬರ್ಡ್‌ನಲ್ಲೂ ವೈಫೈ ಮಾಡ್ಯೂಲ್ ಹಾಕುವ ಮಾದರಿಗಳಿವೆ. ಹಳೆಯ ವಾಲ್ವ್ ಯಾವ ಕಂಪನಿಯದಾದರೂ ಕಾಯಿಲ್ 24 ಎಸಿ ಆಗಿದ್ದರೆ ಹೊಂದುತ್ತದೆ. ಮೋಟಾರಿಗೆ ಬೇರೆ ಟರ್ಮಿನಲ್ಲೇ ಇರುತ್ತದೆ, ಅದಕ್ಕೆ 24 ವೋಲ್ಟ್ ಎಸಿ ರಿಲೇ ಹಾಕಿ ಅಲ್ಲಿಂದ ಕಾಂಟ್ಯಾಕ್ಟರಿಗೆ ಕೊಡಿ. ಪ್ರೋಗ್ರಾಂ ಒಳಗೇ ಇರುವುದರಿಂದ ನೆಟ್ ಇಲ್ಲದಿದ್ದರೂ ನೀರು ಬಿಡುತ್ತದೆ. ನಾನು ಕೊನೆಗೆ ಬಂದು ನಿಂತಿದ್ದು ಇದರಲ್ಲೇ, ಮೊದಲೇ ತಂದಿದ್ದರೆ ರೀವೈಂಡಿಂಗ್ ದುಡ್ಡು ಉಳಿಯುತ್ತಿತ್ತು. ಒಂದೇ ಎಚ್ಚರಿಕೆ, ಅಮೆರಿಕದಲ್ಲಿರುವ ಮಗನ ಕೈಲಿ ತರಿಸಬೇಡಿ. ಅಲ್ಲಿಯದಕ್ಕೆ 120 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇರುತ್ತದೆ.

ಬೋರ್ಡಾಗಲಿ ಕಂಟ್ರೋಲರಾಗಲಿ ಮನೆಯೊಳಗೇ ಇಡಿ, ಹೊರಗೆ 24 ವೋಲ್ಟ್ ಮಾತ್ರ ಹೋಗಲಿ. ವೈಫೈ 2.4 ಗಿಗಾಹರ್ಟ್ಸ್ ಆನ್ ಇರಬೇಕು, ಬರೀ 5 ಇಟ್ಟರೆ ಇವು ಹಿಡಿಯುವುದಿಲ್ಲ. ಡಬ್ಬಿಯ ತೂತುಗಳನ್ನೆಲ್ಲಾ ಮುಚ್ಚಿ, ಹಲ್ಲಿ ಬೋರ್ಡಿನ ಮೇಲೆ ಮಲಗಿ ತಾನೂ ಸತ್ತು ಬೋರ್ಡನ್ನೂ ಸಾಯಿಸುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆ ಪ್ಲಗ್ ಕಿತ್ತುಬಿಡಿ. ಟ್ರಾನ್ಸ್‌ಫಾರ್ಮರನ್ನು ಸ್ಕ್ವೇರ್ ವೇವ್ ಇನ್ವರ್ಟರಿಗೆ ಕೊಡಬೇಡಿ, ಗುಂಯ್ ಅಂತ ಬಿಸಿಯಾಗುತ್ತದೆ. ಇನ್ವರ್ಟರಿಗೆ ರೌಟರ್ ಮಾತ್ರ ಕೊಟ್ಟರೆ ಸಾಕು.

ಮಾತು ಬಂದಿದ್ದಕ್ಕೆ ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದಿನಾ ಅರ್ಧ ಗಂಟೆ ಬಿಡುತ್ತೇನೆ ಅಂದಿದ್ದೀರಿ, ಅದು ಯಾರು ಹೇಳಿದ ಲೆಕ್ಕ? ಒಂದೇ ಅಳತೆಯ ನೇರ ಗೋಡೆಯ ಡಬ್ಬಿ ಐದಾರನ್ನು ಲಾನಿನ ಅಲ್ಲಲ್ಲಿ ಇಡಿ. ಹದಿನೈದು ನಿಮಿಷ ಓಡಿಸಿ, ಎಷ್ಟು ಮಿಲಿಮೀಟರ್ ನೀರು ಬಿತ್ತು ಅಂತ ಸ್ಕೇಲಿನಲ್ಲಿ ಅಳೆಯಿರಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಸಾಕು, ಅಂದರೆ ಸಾವಿರ ಚದರಡಿಗೆ ಸುಮಾರು 465 ಲೀಟರ್. ಡಬ್ಬಿಗಳಲ್ಲಿ ಒಂದಕ್ಕೊಂದು ತುಂಬಾ ವ್ಯತ್ಯಾಸ ಬಂದರೆ ನೋಝಲ್ ಕಟ್ಟಿದೆ, ಬಿಚ್ಚಿ ವಿನೆಗರಿನಲ್ಲಿ ನೆನೆಸಿ. ಬೋರಿನ ಮರಳು ಬೆರೆತ ನೀರಿಗೆ ಡಿಸ್ಕ್ ಫಿಲ್ಟರ್ ಇಲ್ಲದೆ ಇದ್ಯಾವುದನ್ನೂ ಮಾಡಬೇಡಿ. ನೀರು ಬೆಳಗ್ಗೆ ಐದಕ್ಕೆ ಬಿಡಿ. ರಾತ್ರಿ ಬಿಟ್ಟರೆ ಹುಲ್ಲಿಗೆ ಫಂಗಸ್, ಮಧ್ಯಾಹ್ನ ಬಿಟ್ಟರೆ ಅರ್ಧ ಗಾಳಿಗೆ. ನೀವು ಬೆಂಗಳೂರಿನವರು, ಅಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿದೆ ಅಲ್ವಾ? ಸಂಪಿನಲ್ಲಿರುವುದು ಕಾವೇರಿ ನೀರಾದರೆ ಮೊದಲು ಅದಕ್ಕೆ ಬೇರೆ ದಾರಿ ನೋಡಿ.

ಈಗ ಮೂರೂ ಕಾಯಿಲಿನ ಓಮ್ ಅಳೆದು ಇಲ್ಲಿ ಹಾಕಿ. ಮೂರನೇ ಬಾಕ್ಸಿನ ಫೋಟೋ ಮಸುಕಾಗಿದೆ, ಅದರಲ್ಲಿ ಎರಡು ಬಿಳಿ ವಯರ್ ಕಾಣುತ್ತಿವೆ. ಕಾಮನ್ ಯಾವುದು ಅಂತ ಗೊತ್ತಾಗುತ್ತಿಲ್ಲ. ನಾಳೆ ಬೆಳಕಿನಲ್ಲಿ ಇನ್ನೊಂದು ಸಲ ತೆಗೆದು ಹಾಕಿ, ಅಲ್ಲಿವರೆಗೆ ಅಡಾಪ್ಟರ್ ಡಬ್ಬಿಯಲ್ಲೇ ಇರಲಿ.