ಗೇಮ್ ಅಕ್ಕನನ್ನು ಕೇಳಿ: ಕೊಂಡಿದ್ದು 63, ಆಡಿದ್ದು 9

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಕೆಲಸ. ಮೆಟ್ರೋದಲ್ಲಿ ಹೋಗಿ ಬರೋದರಲ್ಲೇ ದಿನ ಅರ್ಧ ಕಳೆದ ಹಾಗಾಗುತ್ತದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆಯುತ್ತೇನೆ. ತೆಗೆಯೋದು ಆಡೋಕೆ ಅಂತಲೇ. ಆದರೆ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಕಂಡರೆ ಸಾಕು, ಏನಾದರೂ ಕೊಂಡುಬಿಡುತ್ತೇನೆ. ಯಾವ ಥರದ ಆಟ, ನನ್ನ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದಾ, ಏನೂ ನೋಡಲ್ಲ. ಚಿತ್ರ ಚೆನ್ನಾಗಿದೆ, ಶೇಕಡ 75 ಕಡಿಮೆ ಇದೆ, ಅಷ್ಟೇ. ಎಲ್ಡೆನ್ ರಿಂಗ್ ಕೊಂಡೆ, ಮೂರು ರಾತ್ರಿ ಶುರುವಿನಲ್ಲೇ ಸಿಗುವ ಕುದುರೆ ಸವಾರನ ಕೈಯಲ್ಲಿ ಸತ್ತು ಬಿಟ್ಟುಬಿಟ್ಟೆ. ರೆಡ್ ಡೆಡ್ ರಿಡೆಂಪ್ಶನ್ 2 ಕೊಂಡೆ, ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗ ಇಲ್ಲ. ಇಟ್ ಟೇಕ್ಸ್ ಟೂ ಕೊಂಡೆ, ಒಬ್ಬನೇ ಆಡೋಕೆ ಆಗಲ್ಲ ಅಂತ ಆಮೇಲೆ ಗೊತ್ತಾಯಿತು. ಇಷ್ಟದ ಸಿನಿಮಾದ ಹೆಸರಿತ್ತು ಅಂತ ಇನ್ನೊಂದು. ಮೊನ್ನೆ ಎಣಿಸಿದೆ. ಒಟ್ಟು 63 ಗೇಮ್. ತೆರೆದು ನೋಡಿದ್ದು 9. ಕಾರ್ಡ್ ಬಿಲ್ ನೋಡಿ ಹೆಂಡತಿ "ಇವೆಲ್ಲ ಏನ್ರೀ?" ಅಂತ ಕೇಳಿದಳು. ಏನು ಹೇಳಬೇಕು ಅಂತ ತೋಚಲಿಲ್ಲ. ಇದು ಕಾಯಿಲೆನಾ ಅಕ್ಕಾ?
(ಹೆಸರು ಬೇಡ, ವಿಜಯನಗರ)

ಅಕ್ಕ: ಕಾಯಿಲೆ ಅಂತ ನಾನು ಹೇಳಲ್ಲ ತಮ್ಮಾ. ಆದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇದರಿಂದ ಬಾಡಿಗೆ, ಇಎಂಐ ಕಟ್ಟೋದು ತಪ್ಪುತ್ತಿದ್ದರೆ, ನಿಲ್ಲಿಸಬೇಕು ಅಂದುಕೊಂಡರೂ ಕೈ ನಿಲ್ಲದಿದ್ದರೆ, ನಿಮ್ಹಾನ್ಸ್‌ಗೆ ಹೋಗಿ ಮಾತಾಡಿ. ಮೊಬೈಲು, ಗೇಮು, ಇಂಟರ್ನೆಟ್ಟಿನಿಂದ ತೊಂದರೆಗೆ ಸಿಕ್ಕವರಿಗೆ ಅಂತಲೇ ಅವರು 2014ರಲ್ಲಿ ಶಟ್ ಕ್ಲಿನಿಕ್ ಶುರು ಮಾಡಿದ್ದಾರೆ. ನಮ್ಮ ಊರಲ್ಲೇ ಇದೆ, ಹೋಗೋಕೆ ನಾಚಿಕೆ ಬೇಡ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನನಗೆ ಕಂಡಿದ್ದು ಬೇರೆ. ನಿಮಗೆ ಆಟ ನೋಡುವ ಅಭ್ಯಾಸವೇ ಆಗಿಲ್ಲ.

ನಾನು ಹನುಮಂತನಗರದಲ್ಲಿ 1996ರಿಂದ 13 ವರ್ಷ ವಿಡಿಯೋ ಗೇಮ್ ಅಂಗಡಿ ನಡೆಸಿದವಳು. ನಾಲ್ಕು ಟಿವಿ. ಅರ್ಧ ಗಂಟೆಗೆ 5 ರೂಪಾಯಿ. ಗೋಡೆಗೆ ಒರಗಿಸಿ ಒಂದು ಉದ್ದನೆಯ ಮರದ ಬೆಂಚು ಹಾಕಿದ್ದೆ. ಅಲ್ಲಿ ಕೂತು ನೋಡೋಕೆ ದುಡ್ಡು ತಗೋತಿರಲಿಲ್ಲ. ಆರನೇ ಕ್ಲಾಸಿನ ಒಬ್ಬ ಹುಡುಗ ಮೂರು ದಿನ ಸ್ಕೂಲ್ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಅಲ್ಲಿ ಕೂತ. ಬೇರೆಯವರು ಕಾಂಟ್ರಾ ಆಡೋದನ್ನ ಬಾಯಿ ಬಿಡದೆ ನೋಡಿದ. ನಾಲ್ಕನೇ ದಿನ ಐದು ರೂಪಾಯಿ ನಾಣ್ಯ ತಂದ. ಮುಷ್ಟಿಯಲ್ಲಿ ಹಿಡಿದು ಹಿಡಿದು ನಾಣ್ಯ ಬೆಚ್ಚಗಾಗಿತ್ತು. ಕೂತ ತಕ್ಷಣ ಎಲ್ಲಿ ಜಿಗಿಯಬೇಕು, ಎಲ್ಲಿ ಮಲಗಿ ಗುಂಡು ಹೊಡೆಯಬೇಕು, ಸೇತುವೆ ಕಾಲಡಿಯಲ್ಲಿ ಯಾವಾಗ ಸಿಡಿಯುತ್ತೆ, ಎಲ್ಲಾ ಗೊತ್ತು ಅವನಿಗೆ. ಅವನ ಅರ್ಧ ಗಂಟೆಯಲ್ಲಿ ಒಂದು ನಿಮಿಷವೂ ದಂಡ ಆಗಲಿಲ್ಲ. ಸಂತೋಷ ಅಂತೂ ಬೆಂಚಿನ ಮೇಲೆ ಕೂತಾಗಲೇ ಶುರುವಾಗಿತ್ತು. ಅವನ ಮುಖ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ.

ನೋಡದೆ ಕೊಂಡರೆ ಏನಾಗುತ್ತೆ ಅಂತಲೂ ನನಗೆ ಗೊತ್ತು. ಅಂಗಡಿ ಶುರು ಮಾಡಿದ ವರ್ಷ ಮೆಜೆಸ್ಟಿಕ್ ಕಡೆಯಿಂದ ಒಂದು ಹಳದಿ ಗೇಮ್ ಕ್ಯಾಸೆಟ್ ತಂದೆ. ಮೇಲೆ ಅಂಟಿಸಿದ ಚೀಟಿಯಲ್ಲಿ ಕತ್ತಿ ಹಿಡಿದ ವೀರ, ಯುದ್ಧವಿಮಾನ, ಬಾಯ್ತೆರೆದ ಹುಲಿ, ದೊಡ್ಡದಾಗಿ "9999 ಇನ್ 1". ಅಂಗಡಿಯವರು "ಹಾಕಿ ತೋರಿಸ್ತೀನಿ ಕೂತ್ಕೊಳಿ" ಅಂದರು. ನನಗೆ ಬಸ್ ಹಿಡಿಯುವ ಅವಸರ. ಮನೆಗೆ ಬಂದು ಒಂದೊಂದೇ ಒತ್ತಿದೆ. ಮಾರಿಯೋ ಬಂತು, ಬಾತುಕೋಳಿ ಹೊಡೆಯೋದು ಬಂತು, ಟ್ಯಾಂಕ್ ಬಂತು, ಸರ್ಕಸ್ ಬಂತು. ಆರನೇ ನಂಬರಿನಿಂದ ಮತ್ತೆ ಮಾರಿಯೋ, ಹೆಸರು ಮಾತ್ರ ಬೇರೆ. 40ರವರೆಗೆ ಒತ್ತಿ ನಿಲ್ಲಿಸಿದೆ. ಇದ್ದಿದ್ದು ಐದೇ ಆಟ. ಹುಲಿ ಎಲ್ಲೂ ಬರಲಿಲ್ಲ. ಹುಲಿ ಎಲ್ಲಿ ಅಂತ ಕೇಳಿದ ಮಕ್ಕಳಿಗೆ ನಾನು ಉತ್ತರ ಕೊಡಬೇಕಾಯಿತು. ಅವತ್ತಿನಿಂದ ಆಡಿ ನೋಡದೆ ಒಂದು ಕ್ಯಾಸೆಟ್ಟನ್ನೂ ತಂದಿಲ್ಲ.

ಸಿನಿಮಾ ಹೆಸರು ನೋಡಿ ಕೊಂಡೆ ಅಂದಿರಲ್ಲ, ಅದಂತೂ ತುಂಬ ಹಳೇ ಕಥೆ. 1982ರಲ್ಲಿ ಅಟಾರಿ ಕಂಪನಿ ಇ.ಟಿ. ಸಿನಿಮಾದ ಗೇಮ್ ತಂದಿತು. ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಯಲ್ಲಿ ಇರಲೇಬೇಕು ಅಂತ ಒಬ್ಬ ಪ್ರೋಗ್ರಾಮರ್ ಕೈಯಲ್ಲಿ ಸುಮಾರು ಐದೇ ವಾರದಲ್ಲಿ ಬರೆಸಿದರು. ಜನ ಹೆಸರು ನೋಡಿ ಕೊಂಡರು. ಆಡೋಕೆ ಕೂತರೆ ಗುಂಡಿಗೆ ಬೀಳೋದು, ಏಳೋದು, ಮತ್ತೆ ಬೀಳೋದು. ಮಾರಾಟವಾಗದೆ ಉಳಿದ ಕ್ಯಾಸೆಟ್‌ಗಳನ್ನು 1983ರಲ್ಲಿ ಅಮೆರಿಕದ ಅಲಮೊಗೊರ್ಡೊ ಊರಿನ ಕಸದ ಹೊಂಡದಲ್ಲಿ ಹೂತುಹಾಕಿದರು. 2014ರಲ್ಲಿ ಅಗೆದಾಗ ಮಣ್ಣಿನ ಒಳಗಿಂದ ಅವು ಎದ್ದು ಬಂದವು.

ಈಗ ನಿಮ್ಮ ವಿಷಯ. ದಿನಾ ಮೆಟ್ರೋದಲ್ಲಿ ಕೂರ್ತೀರಲ್ಲ, ಅದನ್ನೇ ನನ್ನ ಅಂಗಡಿಯ ಬೆಂಚು ಅಂದುಕೊಳ್ಳಿ. ಒಂದು ಗೇಮ್ ಬೇಕು ಅನಿಸಿದರೆ ಯೂಟ್ಯೂಬ್‌ನಲ್ಲಿ ಅದನ್ನು ಯಾರಾದರೂ ಆಡುವ ವಿಡಿಯೋ ಹಾಕಿ ಅರ್ಧ ಗಂಟೆ ನೋಡಿ. ಟ್ರೇಲರ್ ಬೇಡ. ಟ್ರೇಲರ್ ಅಂದರೆ ನನ್ನ ಕ್ಯಾಸೆಟ್ಟಿನ ಹುಲಿ. ಮಾತು ಕಮ್ಮಿ ಇರುವ, ಸುಮ್ನೆ ಆಡಿಕೊಂಡು ಹೋಗುವ ವಿಡಿಯೋ ಹುಡುಕಿ, ನಡುವಿನಿಂದ ನೋಡಿ. ಆಡುವವರು ಹೆಚ್ಚು ಹೊತ್ತು ಏನು ಮಾಡ್ತಿದ್ದಾರೆ? ಓಡ್ತಿದ್ದಾರಾ, ಓದ್ತಿದ್ದಾರಾ, ಲೆಕ್ಕ ಹಾಕ್ತಿದ್ದಾರಾ, ಸಾಯ್ತಾ ಇದ್ದಾರಾ? ಅದನ್ನೇ ನೀವೂ ರಾತ್ರಿ ಹನ್ನೊಂದಕ್ಕೆ ಕೂತು ಮಾಡಬೇಕು. ನೋಡ್ತಾ ನೋಡ್ತಾ ಕೈ ತುರಿಸಿದರೆ ಆ ಆಟ ನಿಮ್ಮದು. ಹತ್ತು ನಿಮಿಷಕ್ಕೆ ವಾಟ್ಸಾಪ್ ತೆಗೆದರೆ ಬಿಟ್ಟುಬಿಡಿ, ಎಷ್ಟೇ ಅಗ್ಗ ಇರಲಿ.

ಇನ್ನು ಸ್ಟೀಮ್‌ನ ಪುಟದಲ್ಲೇ ಎಲ್ಲ ಬರೆದಿರುತ್ತಾರೆ, ಸ್ವಲ್ಪ ಕೆಳಗೆ ಹೋಗಬೇಕು ಅಷ್ಟೇ. ಒಬ್ಬರ ಆಟವಾ, ಇಬ್ಬರದ್ದಾ ಅನ್ನೋದು ಪಕ್ಕದಲ್ಲೇ ಇರುತ್ತದೆ. ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು, ಎಷ್ಟು ಜಾಗ ಬೇಕು ಅನ್ನೋದು ಕೆಳಗಿರುತ್ತದೆ. ರೆಡ್ ಡೆಡ್‌ಗೆ 150 ಜಿಬಿ ಬೇಕು ಅಂತ ಅಲ್ಲೇ ಇದೆ. ಎಷ್ಟು ಗಂಟೆಯ ಆಟ ಅಂತ ತಿಳಿಯೋಕೆ ಹೌ ಲಾಂಗ್ ಟು ಬೀಟ್ ಅನ್ನುವ ಸೈಟ್ ಇದೆ. ದಿನಕ್ಕೆ ಒಂದೇ ಗಂಟೆ ಸಿಗುವವರು 100 ಗಂಟೆಯ ಆಟಕ್ಕೆ ಕೈ ಹಾಕುವ ಮೊದಲು ಇದನ್ನು ನೋಡಲೇಬೇಕು.

ಹಣ ವಾಪಸ್ ಕೇಳೋದು ನಿಮಗೆ ಗೊತ್ತೇ ಇಲ್ಲ ಅನಿಸುತ್ತೆ, ಪತ್ರದಲ್ಲಿ ಒಂದು ಮಾತೂ ಇಲ್ಲ. ಸ್ಟೀಮ್‌ನಲ್ಲಿ ಕೊಂಡು 14 ದಿನ ಆಗಿರಬಾರದು, ಆಡಿದ್ದು 2 ಗಂಟೆ ದಾಟಿರಬಾರದು. ಅಷ್ಟಿದ್ದರೆ ಕಾರಣ ಏನೇ ಇರಲಿ, ವಾಪಸ್ ಕೊಡುತ್ತಾರೆ. ಈ ಎರಡು ವಾರದಲ್ಲಿ ಕೊಂಡಿದ್ದು ಏನಿದೆ ಅಂತ ಇವತ್ತೇ ನೋಡಿ. ಹಳೆಯದಕ್ಕೆ ಆ ದಾರಿ ಮುಚ್ಚಿದೆ, ಅದನ್ನು ನೆನೆಸಿಕೊಂಡು ಕೊರಗಬೇಡಿ. ಮುಂದಕ್ಕೆ ಒಂದು ಕೆಲಸ ಮಾಡಿ. ಸ್ಟೀಮ್‌ನಲ್ಲಿ ಕಾರ್ಡ್ ಉಳಿಸಿದ್ದರೆ ತೆಗೆದುಹಾಕಿ. ಬೇಕು ಅನಿಸಿದ್ದನ್ನು ವಿಶ್‌ಲಿಸ್ಟ್‌ಗೆ ಸೇರಿಸಿ ಮಲಗಿ. ಬೆಲೆ ಇಳಿದಾಗ ಅವರೇ ಮೇಲ್ ಕಳಿಸ್ತಾರೆ. ಬೇಸಿಗೆ ಸೇಲ್, ಡಿಸೆಂಬರ್ ಸೇಲ್ ಪ್ರತಿ ವರ್ಷ ಬಂದೇ ಬರುತ್ತವೆ. ಇವತ್ತು ಹೋದರೆ ಹೋಯಿತು ಅನ್ನುವಂಥದ್ದು ಅಲ್ಲಿ ಏನೂ ಇಲ್ಲ.

ರಾತ್ರಿಯೇ ಯಾಕೆ ಕೈ ಹೋಗುತ್ತೆ ಅಂತ ನನಗೆ ಅನಿಸಿದ್ದನ್ನು ಹೇಳ್ತೀನಿ. ಹೊಸ ಆಟ ಶುರು ಮಾಡಿದರೆ ಕಲಿಯಬೇಕು, ಸೋಲಬೇಕು. ಕೊಳ್ಳೋಕೆ ಅರ್ಧ ನಿಮಿಷ ಸಾಕು. ಇಡೀ ದಿನ ದುಡಿದು ಬಂದ ಮೈಗೆ ಸುಲಭವಾದದ್ದೇ ಸಿಹಿ. ಅದರಲ್ಲಿ ನಿಮ್ಮ ತಪ್ಪು ಅಂತ ನಾನು ಹೇಳಲ್ಲ. ಆದರೆ ಆ ಒಂದು ಗಂಟೆ ನಿಮ್ಮದು ತಮ್ಮಾ, ಬೆಲೆಪಟ್ಟಿ ನೋಡ್ತಾ ಅದನ್ನು ಕಳೆಯೋದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ.

ಆ ಎಲ್ಡೆನ್ ರಿಂಗ್‌ನ ಚಿನ್ನದ ಬಣ್ಣದ ಸವಾರ ಇದ್ದಾನಲ್ಲ, ಅವನನ್ನು ಆಗಲೇ ಗೆಲ್ಲಬೇಕಾಗಿಲ್ಲ. ಸುತ್ತಿ ಹೋಗಿಬಿಡಿ. ಬೇರೆ ಕಡೆ ಅಲೆದು, ಶಕ್ತಿ ಬೆಳೆಸಿಕೊಂಡು ಆಮೇಲೆ ಬನ್ನಿ. ಆ ಜಗತ್ತು ಇರುವುದೇ ಹಾಗೆ. ಅರ್ಧ ಗಂಟೆ ನೋಡಿದ್ದರೆ ಇದು ಗೊತ್ತಾಗಿ ಮೂರು ರಾತ್ರಿ ಉಳಿಯುತ್ತಿತ್ತು.

ಇಟ್ ಟೇಕ್ಸ್ ಟೂ ಬಗ್ಗೆ ಮಾತ್ರ ಬೇಜಾರು ಮಾಡಿಕೊಳ್ಳಬೇಡಿ. 2021ರಲ್ಲಿ ಬಂದ ಆಟ, ಇಬ್ಬರು ಸೇರಿ ಆಡುವುದಕ್ಕೇ ಮಾಡಿದ್ದು. ಬೇರೆಯಾಗಬೇಕು ಅಂದುಕೊಂಡಿರುವ ಗಂಡ ಹೆಂಡತಿ ಮಗಳ ಕಣ್ಣೀರಿನಿಂದ ಪುಟ್ಟ ಗೊಂಬೆಗಳಾಗಿಬಿಡುತ್ತಾರೆ. ಒಬ್ಬರ ಕೈಗೆ ಮೊಳೆ ಬಂದರೆ ಇನ್ನೊಬ್ಬರ ಕೈಗೆ ಸುತ್ತಿಗೆ. ಒಬ್ಬರು ಮೊಳೆ ಎಸೆದು ಗೋಡೆಗೆ ನೆಟ್ಟರೆ ಮಾತ್ರ ಇನ್ನೊಬ್ಬರು ಸುತ್ತಿಗೆಯಿಂದ ಅದಕ್ಕೆ ಜೋತು ದಾಟಬಹುದು. ಕೈಯಲ್ಲಿ ಹಿಡಿದು ಆಡುವ ಎರಡು ಕಂಟ್ರೋಲರ್ ತನ್ನಿ. "ಇವೆಲ್ಲ ಏನ್ರೀ" ಅಂತ ನಿಮ್ಮ ಹೆಂಡತಿ ಕೇಳಿದ್ದಕ್ಕೆ ಶನಿವಾರ ಸಂಜೆ ಇದನ್ನೇ ಹಾಕಿ ತೋರಿಸಿ. ಬಿಲ್ ಎಷ್ಟಾಗಿದೆ ಅಂತಲೂ ಅವತ್ತೇ ಹೇಳಿಬಿಡಿ, ಮುಚ್ಚಿಡಬೇಡಿ.

ಪ್ರಶ್ನೆ: ಮಗನಿಗೆ 11 ವರ್ಷ. ಹುಟ್ಟುಹಬ್ಬಕ್ಕೆ ಹೇಳದೆ ಕೊಡೋಣ ಅಂತ ಅಂಗಡಿಗೆ ಹೋಗಿ ಮನೆಯ ಗೇಮ್ ಯಂತ್ರ ಪಿಎಸ್5ಗೆ (ಪ್ಲೇಸ್ಟೇಷನ್ 5) ಒಂದು ಡಿಸ್ಕ್ ತಂದೆ. ಯಾವುದು ಅಂತ ನನಗೇನು ಗೊತ್ತು? "ಎಲ್ಲಾ ಮಕ್ಕಳೂ ಇದನ್ನೇ ಆಡ್ತಾರೆ ಮೇಡಂ" ಅಂತ ಜಿಟಿಎ 5 ಕೊಟ್ಟರು. ಮನೆಗೆ ಬಂದರೆ ನಮ್ಮ ಪಿಎಸ್5ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಮಗ ಅತ್ತುಬಿಟ್ಟ. ಈಗ ಅದನ್ನೇ ಆನ್‌ಲೈನ್‌ನಲ್ಲಿ ಕೊಡಿಸು ಅಂತಿದ್ದಾನೆ. ಕೊಡಿಸಲಾ ಅಕ್ಕಾ?
(ಒಬ್ಬ ತಾಯಿ, ಬನಶಂಕರಿ)

ಅಕ್ಕ: ಬೇಡ ತಂಗಿ. ಡಿಸ್ಕ್ ಹಿಡಿಸದೇ ಇದ್ದಿದ್ದು ಒಳ್ಳೆಯದೇ ಆಯಿತು.

ನಿಮ್ಮದು ಡಿಜಿಟಲ್ ಎಡಿಶನ್. ಅದಕ್ಕೆ ಆಟಗಳನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು. ಆದರೆ ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಆ ಪೆಟ್ಟಿಗೆಯ ಮೇಲೆ ಒಂದು ಮೂಲೆಯಲ್ಲಿ ವಯಸ್ಸಿನ ಗುರುತು ಇರುತ್ತೆ, ನೋಡಿ. ಯುರೋಪಿನ ಗುರುತಾದರೆ 3, 7 ಹಸಿರು, 12, 16 ಕಿತ್ತಳೆ, 18 ಕೆಂಪು. ಅಮೆರಿಕದ್ದಾದರೆ ಇಂಗ್ಲಿಷಿನ ಎಂ ಅಕ್ಷರ, ಅಂದರೆ 17 ತುಂಬಿದವರಿಗೆ. ಈ ಆಟಕ್ಕೆ ಇರೋದು ಕೆಂಪು 18. ಅದರಲ್ಲಿ ಒಬ್ಬನನ್ನು ಕಟ್ಟಿಹಾಕಿ ಹಿಂಸೆ ಕೊಡುವ ಭಾಗ ಇದೆ. ಸಿನಿಮಾ ಹಾಗೆ ಸುಮ್ನೆ ನೋಡೋದಲ್ಲ, ಕಂಟ್ರೋಲರ್ ಹಿಡಿದವರೇ ಅದನ್ನು ಮಾಡಬೇಕು. ಹನ್ನೊಂದು ವರ್ಷದ ಕೈಗೆ ಆ ಕೆಲಸ ಕೊಡಬೇಡಿ. ಕ್ಲಾಸಿನ ಎಲ್ಲರೂ ಆಡಿದರೂ ಸರಿ, ನೀವು ಕೊಡಬೇಡಿ. ಸೀಲ್ ಒಡೆದಿಲ್ಲದಿದ್ದರೆ ಬಿಲ್ ತಗೊಂಡು ಅಂಗಡಿಗೆ ಹೋಗಿ, ಬದಲಾಯಿಸಿಕೊಡಿ ಅಂತ ಕೇಳಿ.

ಮಗ ಅತ್ತ ಅಂದಿರಲ್ಲ, ಅವನಿಗೆ ಇವತ್ತೇ ಕೊಡೋಕೆ ಒಂದಿದೆ. ನಿಮ್ಮ ಪಿಎಸ್5ನ ಒಳಗೇ ಆಸ್ಟ್ರೋಸ್ ಪ್ಲೇರೂಮ್ ಅನ್ನುವ ಆಟ ಉಚಿತವಾಗಿ ಬಂದಿರುತ್ತದೆ. ಪುಟ್ಟ ರೋಬೋ ಒಂದು ಮಳೆಯಲ್ಲಿ ಓಡಿದರೆ ಹನಿ ಬಿದ್ದ ಹಾಗೆ ಕೈಯಲ್ಲಿರುವ ಕಂಟ್ರೋಲರ್ ಟಪಟಪ ನಡುಗುತ್ತದೆ. ಬಹಳ ಮುದ್ದಾದ ಆಟ. ಎಷ್ಟೋ ಮನೆಗಳಲ್ಲಿ ಅದನ್ನು ತೆರೆದೇ ಇರಲ್ಲ.

ಆಮೇಲೆ ಅವನ ಹತ್ತಿರವೇ ಮೂರು ಆಟದ ಹೆಸರು ಬರೆಸಿಕೊಳ್ಳಿ. ಮೂರರ ವಿಡಿಯೋವನ್ನೂ ಇಬ್ಬರೂ ಕೂತು ನೋಡಿ. ಅವನು ವಿವರಿಸಲಿ, ನೀವು ಪ್ರಶ್ನೆ ಕೇಳಿ. ಪ್ಲೇಸ್ಟೇಷನ್ ಸ್ಟೋರಿನಲ್ಲಿ ಕೊಳ್ಳುವಾಗ ಜಾಸ್ತಿ ಹುಷಾರು ಬೇಕು. ಅಲ್ಲೂ 14 ದಿನದ ಅವಕಾಶ ಇದೆ, ಆದರೆ ಡೌನ್‌ಲೋಡ್ ಶುರುವಾಯಿತು ಅಂದರೆ ಸಾಮಾನ್ಯವಾಗಿ ಹಣ ವಾಪಸ್ ಬರಲ್ಲ.

ಪ್ರಶ್ನೆ: ನಾನು ದುಡ್ಡು ಕೊಟ್ಟು ಏನೂ ಕೊಳ್ಳಲ್ಲ ಅಕ್ಕಾ. ಎಪಿಕ್ ಗೇಮ್ಸ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ವಾರ ವಾರ ಉಚಿತವಾಗಿ ಕೊಡೋದನ್ನ ಮಾತ್ರ ತಗೋತೀನಿ. 140 ಆಗಿದೆ. ಏನೇನಿದೆ ಅಂತ ಗೊತ್ತಿಲ್ಲ. ಇದೂ ತಪ್ಪಾ?
(ಬಿ.ಕಾಂ. ವಿದ್ಯಾರ್ಥಿ, ಕೆಂಗೇರಿ)

ಅಕ್ಕ: ತಪ್ಪೇನಿಲ್ಲ ಮಗಾ. ಅವರು 2018ರ ಡಿಸೆಂಬರಿನಿಂದ ಉಚಿತವಾಗಿ ಕೊಡುತ್ತಾ ಬಂದಿದ್ದಾರೆ, ತಗೋ. ಆದರೆ 140 ಆಟ ಮಾಡಿದವರು ವರ್ಷಗಟ್ಟಲೆ ಕೂತು ಮಾಡಿರುತ್ತಾರೆ, ಏನಿದೆ ಅಂತಲೂ ನೀನು ನೋಡಿಲ್ಲ ಅಂದರೆ ನನಗೆ ಸಂಕಟ ಆಗುತ್ತೆ. ಹೊಸದು ಬರೋದು ಗುರುವಾರ ರಾತ್ರಿ. ಈ ಗುರುವಾರ ಅದನ್ನು ಒತ್ತುವ ಮುಂಚೆ ಪಟ್ಟಿಯ ತೀರಾ ಕೆಳಗಿರುವ ಒಂದನ್ನು ತೆಗೆದು ಅರ್ಧ ಗಂಟೆ ಆಡು. ಹೇಗಿತ್ತು ಅಂತ ನನಗೆ ಬರೆದು ಕಳಿಸು. ಹೆಸರೂ ಬರಿ, ನಾನೂ ನೋಡ್ತೀನಿ.