ಹೊಸ ಮನೆಯ ಕೈತೋಟದಲ್ಲಿ ನಾಯಿಗಳನ್ನು ಬಿಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಈಚೆಗೆ ಕೈತೋಟವಿರುವ ಮನೆಯೊಂದನ್ನು ಕೊಂಡು ವಾಸಕ್ಕೆ ಬಂದಿದ್ದೇವೆ. ಮೊದಲಿದ್ದವರು ಬೆಳೆಸಿದ ಗಿಡಗಳಲ್ಲಿ ಹೆಚ್ಚಿನವುಗಳ ಹೆಸರು ನಮಗೆ ತಿಳಿಯದು. ಹಿತ್ತಲಿನಲ್ಲಿ ಮನೆಯ ದುರಸ್ತಿಯಾದಾಗ ಉಳಿದ ಸಾಮಾನುಗಳು ಇನ್ನೂ ಬಿದ್ದಿವೆ. ನಮ್ಮಲ್ಲಿ ಒಂದು ದೊಡ್ಡ ನಾಯಿಯೂ, ಕಂಡದ್ದನ್ನೆಲ್ಲ ಕಚ್ಚುವ, ನೆಲ ಕೆದಕುವ ಐದು ತಿಂಗಳ ಮರಿಯೂ ಇವೆ. ಎರಡೂ ಇದುವರೆಗೆ ಅಪಾರ್ಟ್‌ಮೆಂಟಿನಲ್ಲೇ ಬೆಳೆದವು. ಅವನ್ನು ಹೊರಗೆ ಬಿಡುವ ಮೊದಲು ಏನೇನು ಮಾಡಬೇಕು? ಎಲ್ಲ ಗಿಡಗಳನ್ನೂ ಕಿತ್ತುಹಾಕುವುದೇ ಲೇಸೆಂದು ಕೆಲವರು ಹೇಳುತ್ತಾರೆ.

ಉತ್ತರ: ಎಲ್ಲವನ್ನೂ ಕೀಳಬೇಕಾಗಿಲ್ಲ. ಆದರೆ ತೋಟದಲ್ಲಿ ಏನೇನಿದೆ ಎಂಬುದು ನಿಮಗೆ ಪೂರ್ತಿಯಾಗಿ ಗೊತ್ತಾಗುವವರೆಗೆ ಎರಡು ನಾಯಿಗಳನ್ನೂ ಬಿಚ್ಚಿ ಬಿಡಬೇಡಿ. ಹಗ್ಗ ಹಿಡಿದೇ ಸುತ್ತಾಡಿಸಿ, ಅವು ಎಲ್ಲಿ ನಿಂತು ಮೂಸುತ್ತವೆ, ಯಾವುದಕ್ಕೆ ಬಾಯಿ ಹಾಕುತ್ತವೆ, ಯಾವ ಮೂಲೆಯಲ್ಲಿ ನೆಲ ಕೆದಕುತ್ತವೆ ಎಂಬುದನ್ನು ಗಮನಿಸಿ. ನಂತರ ನಾಯಿಗಳನ್ನು ಒಳಗೆ ಬಿಟ್ಟು, ಅದೇ ಜಾಗಗಳಲ್ಲಿ ನೀವೇ ಮಂಡಿಯೂರಿ ಕುಳಿತು ನೋಡಿ. ನಿಂತು ನೋಡುವವರ ಕಣ್ಣಿಗೆ ಬೀಳದ ಗೇಟಿನ ಕೆಳಗಿನ ಸಂದು, ಪೊದೆಯ ಬುಡದಲ್ಲಿ ಹುದುಗಿದ ಗಾಜಿನ ಚೂರು, ಗೋಡೆಯಿಂದ ಹೊರಗೆ ಚಾಚಿದ ಕಂಬಿಯ ತುದಿ, ಹರಿದು ಜೋತುಬಿದ್ದ ವಿದ್ಯುತ್ ತಂತಿ ಮುಂತಾದವು ಆ ಎತ್ತರದಿಂದ ಸ್ಪಷ್ಟವಾಗಿ ಕಾಣುತ್ತವೆ.

ಮೊದಲು ಆವರಣವನ್ನು ಭದ್ರಪಡಿಸಿ. ಹೊಸ ಜಾಗಕ್ಕೆ ಬಂದ ನಾಯಿಗೆ ಇದು ತನ್ನ ಮನೆಯೆಂಬ ಭಾವನೆ ಇನ್ನೂ ಮೂಡಿರುವುದಿಲ್ಲವಾದ್ದರಿಂದ ಮೊದಲ ವಾರಗಳಲ್ಲಿ ತಪ್ಪಿಸಿಕೊಂಡು ಹೋಗುವ ಸಂಭವ ಹೆಚ್ಚು. ದೊಡ್ಡ ತಳಿಗಳಿಗೆ ಐದರಿಂದ ಆರು ಅಡಿ ಎತ್ತರದ ಗೋಡೆ ಅಥವಾ ಬೇಲಿ ಬೇಕು. ಅಷ್ಟು ಎತ್ತರವಿದ್ದರೂ ಅದಕ್ಕೆ ಒರಗಿಸಿಟ್ಟ ಇಟ್ಟಿಗೆ ರಾಶಿ, ಕುಂಡ ಅಥವಾ ಕಲ್ಲುಬೆಂಚು ಮೆಟ್ಟಿಲಾಗುತ್ತದೆ. ಅವನ್ನು ದೂರ ಸರಿಸಿ. ಮರಿಯ ವಿಷಯದಲ್ಲಿ ಎತ್ತರಕ್ಕಿಂತ ಸಂದುಗಳು ಮುಖ್ಯ: ತಲೆ ತೂರುವಷ್ಟು ಜಾಗವಿದ್ದರೆ ಮೈ ತೂರಿಸಲು ಅದು ಪ್ರಯತ್ನಿಸಿಯೇ ತೀರುತ್ತದೆ. ಬೇಲಿಯ ಬುಡವನ್ನು ಕೆದಕುವ ನಾಯಿಯಿದ್ದರೆ ತಂತಿಬಲೆಯನ್ನು ಸುಮಾರು ಒಂದು ಅಡಿ ನೆಲದೊಳಗೆ ಇಳಿಸಿ, ಅದರ ಕೆಳ ಅಂಚನ್ನು ತೋಟದ ಒಳಬದಿಗೆ ಮಡಚಿ ಮಣ್ಣು ಮುಚ್ಚಿ. ಬಲೆಯ ಚೂಪಾದ ತುದಿಗಳು ಮೇಲೆ ಬಾರದಂತೆ ನೋಡಿಕೊಳ್ಳಿ.

ಇನ್ನು ದುರಸ್ತಿಯ ಅವಶೇಷಗಳನ್ನು ಕುರಿತು. ಇವನ್ನು ಹಲವರು ಬರಿಯ ಕಸವೆಂದು ಭಾವಿಸಿ ನಿಧಾನವಾಗಿ ತೆಗೆಸೋಣವೆಂದುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಗಿಡಗಳಿಗಿಂತ ಮೊದಲು ತೆಗೆಯಬೇಕಾದದ್ದು ಇದೇ. ಸಿಮೆಂಟಿನ ಪುಡಿಯೂ ಸುಣ್ಣವೂ ತೇವ ತಾಗಿದೊಡನೆ ತೀವ್ರ ಕ್ಷಾರವಾಗಿ ನಾಯಿಯ ಪಾದ, ಮೂತಿ ಮತ್ತು ಕಣ್ಣುಗಳನ್ನು ಸುಡುತ್ತವೆ. ಪಾದಕ್ಕೆ ಮೆತ್ತಿದ್ದನ್ನು ನಾಯಿ ನೆಕ್ಕಿದಾಗ ಬಾಯಿಯೊಳಗೂ ಹುಣ್ಣಾಗುತ್ತದೆ. ಪುಡಿ ತಾಗಿರುವುದು ಕಂಡರೆ ಮೊದಲು ಒಣ ಬಟ್ಟೆಯಿಂದ ಒರೆಸಿ, ಬಳಿಕ ಧಾರಾಳವಾಗಿ ನೀರು ಸುರಿದು ತೊಳೆಯಬೇಕು. ಹಳೆಯ ಕಟ್ಟಡಗಳಿಂದ ಕೆರೆದು ತೆಗೆದ ಬಣ್ಣದ ಹಕ್ಕಳೆಗಳಲ್ಲಿ ಸೀಸವಿರಬಹುದು, ಮತ್ತು ಅದನ್ನು ನೆಕ್ಕುವ ಚಪಲ ಮರಿಗಳಿಗೇ ಹೆಚ್ಚು. ಮಣ್ಣಿನಲ್ಲಿ ಸೇರಿಹೋದ ಮೊಳೆ, ಸ್ಕ್ರೂ ಮತ್ತು ತಂತಿ ತುಂಡುಗಳನ್ನು ಹೆಕ್ಕಲು ಹಗ್ಗಕ್ಕೆ ಕಟ್ಟಿದ ದೊಡ್ಡ ಅಯಸ್ಕಾಂತವನ್ನು ನೆಲದ ಮೇಲೆ ಎಳೆದಾಡುವುದು ಸುಲಭ ಉಪಾಯ. ಒಮ್ಮೆ ಎಳೆದ ಮೇಲೆ ಮಣ್ಣನ್ನು ಕುಂಟೆಯಿಂದ ಸಡಿಲಿಸಿ ಇನ್ನೊಮ್ಮೆ ಎಳೆಯಿರಿ. ಇಟ್ಟಿಗೆ, ಹಲಗೆಗಳ ರಾಶಿ ಇಲಿಗಳಿಗೆ ನೆಲೆಯಾಗುತ್ತದೆ, ಇಲಿಗಳನ್ನು ಹುಡುಕಿಕೊಂಡು ಹಾವುಗಳೂ ಬರುತ್ತವೆ. ಕಟ್ಟಡದ ಸುತ್ತ ಗೆದ್ದಲಿನ ಔಷಧ ಹಾಕಿಸಿದ್ದರೆ ಯಾವುದನ್ನು, ಯಾವಾಗ ಹಾಕಲಾಯಿತು ಎಂದು ಮಾರಿದವರನ್ನು ವಿಚಾರಿಸಿ, ಗೋಡೆಯ ಬುಡದ ಆ ಮಣ್ಣನ್ನು ಮರಿ ಕೆದಕದಂತೆ ಚಪ್ಪಡಿ ಅಥವಾ ಜಲ್ಲಿ ಹಾಸಿ ಮುಚ್ಚಿಸಿ.

ಗಿಡಗಳಲ್ಲಿ ರಾಜಿಯಿಲ್ಲದೆ ತೆಗೆಯಬೇಕಾದವು ಕೆಲವೇ. ಅವುಗಳಲ್ಲಿ ನಾನು ಮೊದಲು ಹೆಸರಿಸುವುದು ಸೈಕಾಸ್ ಗಿಡವನ್ನು. ದಪ್ಪನೆಯ ಗಿಡ್ಡ ಕಾಂಡದ ನೆತ್ತಿಯಲ್ಲಿ ಗರಿಗಳಂಥ ಬಿರುಸಾದ ಎಲೆಗಳು ಸುತ್ತಲೂ ಹರಡಿ, ನೋಡಲು ತಾಳೆಯ ಜಾತಿಯ ಅಲಂಕಾರ ಗಿಡದಂತೆ ಕಾಣುತ್ತದೆ. ಹೆಣ್ಣು ಗಿಡದ ನಡುವೆ ಕಿತ್ತಳೆಗೆಂಪು ಬಣ್ಣದ ಬೀಜಗಳು ಗೊಂಚಲಾಗಿ ಕೂರುತ್ತವೆ. ಗಿಡದ ಎಲ್ಲ ಭಾಗಗಳಲ್ಲೂ ಸೈಕಾಸಿನ್ ಎಂಬ ವಿಷವಿದೆ, ಬೀಜದಲ್ಲಿ ಅದು ಅತಿ ಹೆಚ್ಚು. ಒಂದೆರಡು ಬೀಜಗಳೇ ನಾಯಿಯ ಪ್ರಾಣ ತೆಗೆಯಬಲ್ಲವು. ತಿಂದ ಕೆಲವು ಗಂಟೆಗಳಲ್ಲಿ ವಾಂತಿಯಾಗಿ, ಆಮೇಲೆ ನಾಯಿ ಚೇತರಿಸಿಕೊಂಡಂತೆ ತೋರಿ, ಎರಡು ಮೂರು ದಿನಗಳಲ್ಲಿ ಯಕೃತ್ತು ಕೆಲಸ ನಿಲ್ಲಿಸುವುದುಂಟು. ನಡುವಿನ ಆ ಚೇತರಿಕೆಯನ್ನು ನಂಬಿ ಕಾಯುವುದರಿಂದಲೇ ಹೆಚ್ಚಿನ ಅನಾಹುತವಾಗುತ್ತದೆ.

ಕಣಗಿಲೆಯನ್ನೂ ಹಳದಿ ಕಣಗಿಲೆಯನ್ನೂ ಇದೇ ಸಾಲಿಗೆ ಸೇರಿಸಿ. ಅವುಗಳಲ್ಲಿರುವ ಗ್ಲೈಕೋಸೈಡುಗಳು ಹೃದಯದ ಬಡಿತವನ್ನು ಏರುಪೇರು ಮಾಡುತ್ತವೆ, ಮತ್ತು ಎಲೆ ಒಣಗಿದರೂ ವಿಷ ಹೋಗುವುದಿಲ್ಲ. ಆದ್ದರಿಂದ ಕಡಿದ ರೆಂಬೆಗಳನ್ನು ತೋಟದಲ್ಲೇ ಒಣಗಲು ಬಿಡಬಾರದು, ಅವುಗಳ ಹೊಗೆಯೂ ಹಾನಿಕರವಾದ್ದರಿಂದ ಸುಡಲೂಬಾರದು. ಹರಳು ಗಿಡ, ದತ್ತೂರಿ, ಬೇಲಿಗೆ ಹಬ್ಬಿದ ಗುಲಗಂಜಿ ಬಳ್ಳಿ ಮತ್ತು ಅಗ್ನಿಶಿಖೆ ಇವೂ ಬೇರುಸಹಿತ ಹೋಗಬೇಕು. ಅಗ್ನಿಶಿಖೆಯ ಗೆಡ್ಡೆಯನ್ನು ಅಗೆದು ತೆಗೆಯದಿದ್ದರೆ ಮತ್ತೆ ಚಿಗುರುತ್ತದೆ.

ಉಳಿದ ಎಷ್ಟೋ ಗಿಡಗಳು ಕಾಟ ಕೊಡುತ್ತವೆಯೇ ಹೊರತು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಡೈಫೆನ್‌ಬೇಕಿಯಾ, ಮನಿ ಪ್ಲಾಂಟ್ ಮತ್ತು ಕೆಸುವಿನ ಬಳಗದ ಗಿಡಗಳಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಬಾಯಿಗೆ ಚುಚ್ಚಿಕೊಂಡು ಊತ, ಉರಿ ಮತ್ತು ಜೊಲ್ಲು ಉಂಟುಮಾಡುತ್ತವೆ. ಲೋಳೆಸರದಿಂದ ವಾಂತಿ ಭೇದಿಯಾಗುತ್ತದೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಕಷ್ಟ. ಇವನ್ನು ಎಸೆಯುವ ಬದಲು ಮರಿಗೆ ಎಟುಕದ ಎತ್ತರಕ್ಕೆ ವರ್ಗಾಯಿಸಬಹುದು. ಗುಲಾಬಿ, ಮಲ್ಲಿಗೆ, ಸೂರ್ಯಕಾಂತಿ, ಜಿನ್ನಿಯಾ, ಬಾಳೆ ಮತ್ತು ಅರೇಕಾ ಪಾಮ್‌ಗಳ ಬಗ್ಗೆ ವಿಷದ ಭಯ ಬೇಡ. ಗುಲಾಬಿಯ ಮುಳ್ಳಿನ ವಿಚಾರ ಬೇರೆ. ಆದರೆ ಸುವಾಸನೆಗಾಗಿ ಮಲ್ಲಿಗೆಯ ಜೊತೆಯಲ್ಲೇ ನೆಡುವ ರಾತ್ರಿರಾಣಿ ಮಲ್ಲಿಗೆಯ ಕುಲದ್ದಲ್ಲ, ಅದು ವಿಷದ ಗಿಡ. ಹೆಸರು ತಿಳಿಯದ ಗಿಡಗಳ ಎಲೆ, ಹೂವು, ಕಾಯಿಗಳ ಚಿತ್ರ ತೆಗೆದು ನರ್ಸರಿಯವರಿಗೋ ಸಸ್ಯಶಾಸ್ತ್ರ ಬಲ್ಲವರಿಗೋ ತೋರಿಸಿ, ಗುರುತು ಸಿಗುವವರೆಗೆ ಅವುಗಳ ಸುತ್ತ ತಂತಿಬಲೆ ಕಟ್ಟಿ. ಮಾವಿನ ಮರವಿದ್ದರೆ ಉದುರಿದ ಹಣ್ಣನ್ನು ದಿನವೂ ಆರಿಸಬೇಕು. ನುಂಗಿದ ಓಟೆ ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಪ್ರಶ್ನೆ: ನಾವು ರಾಸಾಯನಿಕ ಗೊಬ್ಬರವನ್ನು ಬಳಸುವುದೇ ಇಲ್ಲ. ಹರಳು ಹಿಂಡಿ, ಮೂಳೆ ಪುಡಿ ಮತ್ತು ಮನೆಯಲ್ಲೇ ಮಾಡಿದ ಕಾಂಪೋಸ್ಟ್ ಮಾತ್ರ ಹಾಕುತ್ತೇವೆ. ಹಾಗಿರುವಾಗ ನಾಯಿಗೆ ತೊಂದರೆಯಿಲ್ಲ ತಾನೆ?

ಉತ್ತರ: ನೀವು ಹೆಸರಿಸಿದ ಮೂರರಿಂದಲೂ ತೊಂದರೆಯಿದೆ, ಮತ್ತು ಸಾವಯವವಾದದ್ದು ನಾಯಿಗೆ ನಿರಪಾಯವೆಂಬ ನಂಬಿಕೆ ಬಹಳ ಮನೆಗಳಲ್ಲಿ ಇರುವುದರಿಂದ ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ಹರಳು ಬೀಜದಲ್ಲಿರುವ ರಿಸಿನ್ ಎಂಬ ವಿಷ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ತೆಗೆದ ಮೇಲೆ ಅದು ಹಿಂಡಿಯಲ್ಲೇ ಉಳಿಯುತ್ತದೆ. ಸಾಕಷ್ಟು ಬಿಸಿ ಮಾಡಿದರೆ ರಿಸಿನ್ ನಾಶವಾಗುತ್ತದೆಯಾದರೂ, ನೀವು ಕೊಂಡ ಚೀಲದ ಹಿಂಡಿಯನ್ನು ಹಾಗೆ ಸಂಸ್ಕರಿಸಲಾಗಿದೆಯೇ ಎಂಬುದನ್ನು ನೋಡಿ ತಿಳಿಯಲು ಸಾಧ್ಯವಿಲ್ಲ. ಹಿಂಡಿಯ ವಾಸನೆಗೆ ನಾಯಿಗಳು ಮನಸೋಲುತ್ತವೆ. ಗಿಡದ ಬುಡವನ್ನು ಬಗೆದು ತಿನ್ನುತ್ತವೆ, ಚೀಲ ಕೈಗೆಟುಕುವಂತಿದ್ದರೆ ಹರಿದು ತಿನ್ನುತ್ತವೆ. ಲಕ್ಷಣಗಳು ತಕ್ಷಣ ಕಾಣಿಸದೆ ಹಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ವಾಂತಿ ಮತ್ತು ರಕ್ತಮಿಶ್ರಿತ ಭೇದಿಯಾಗಿ ಶುರುವಾಗುತ್ತವೆ. ಅದರ ಜೊತೆಗೆ ಮೂಳೆ ಪುಡಿಯನ್ನೂ ಬೆರೆಸಿದರೆ ನಾಯಿಯನ್ನು ನೀವೇ ಕರೆದಂತಾಗುತ್ತದೆ. ಮೂಳೆ ಪುಡಿ ವಿಷವಲ್ಲ, ಆದರೆ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಗಟ್ಟಿ ಉಂಡೆಯಾಗಿ ನಿಲ್ಲಬಹುದು. ಇದೇ ಕಾರಣಕ್ಕೆ, ಕೀಟನಾಶಕದ ಹರಳುಗಳನ್ನು ಮೂಳೆ ಪುಡಿಯೊಂದಿಗೆ ಸೇರಿಸಿ ಮಣ್ಣಿಗೆ ಹಾಕುವ ಪದ್ಧತಿಯನ್ನು ನಾಯಿ ಸಾಕಿದವರು ಎಂದಿಗೂ ಅನುಸರಿಸಬಾರದು.

ಕಾಂಪೋಸ್ಟಿನ ಅಪಾಯ ಬೇರೆ ಬಗೆಯದು. ಕೊಳೆಯುವ ಅಡುಗೆಮನೆಯ ಕಸದಲ್ಲಿ ಬೆಳೆಯುವ ಬೂಷ್ಟುಗಳಲ್ಲಿ ಕೆಲವು ಪೆನಿಟ್ರೆಮ್‌ನಂಥ ವಿಷಗಳನ್ನು ಉಂಟುಮಾಡುತ್ತವೆ. ಅದನ್ನು ತಿಂದ ನಾಯಿಗೆ ಮೈಯೆಲ್ಲ ನಡುಕ ಬಂದು, ಉಲ್ಬಣಿಸಿದರೆ ಫಿಟ್ಸ್ ಬರುತ್ತದೆ. ಕಾಂಪೋಸ್ಟ್ ತೊಟ್ಟಿಗೆ ನಾಯಿಯ ಮೂತಿಯಿಂದ ತೆರೆಯಲಾಗದ ಮುಚ್ಚಳವನ್ನು ಹಾಕಿಸಿ. ಗಿಡಗಳಿಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರವನ್ನೋ ಎರೆಹುಳು ಗೊಬ್ಬರವನ್ನೋ ಕೊಟ್ಟು, ಹರಳು ಹಿಂಡಿಯ ಚೀಲವನ್ನು ಮನೆಯಿಂದಲೇ ದೂರವಿಡಿ ಎಂಬುದು ನನ್ನ ಖಚಿತ ಸಲಹೆ.

ಪ್ರಶ್ನೆ: ಬಸವನಹುಳುಗಳು ಸಸಿಗಳನ್ನು ತಿಂದುಹಾಕುತ್ತಿವೆ, ಇಲಿಗಳ ಕಾಟವೂ ಇದೆ. ನಾಯಿಯಿರುವ ಮನೆಯಲ್ಲಿ ಯಾವ ಔಷಧ ಬಳಸಬಹುದು?

ಉತ್ತರ: ಬಸವನಹುಳುಗಳಿಗೆಂದು ಮಾರುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು ತರಲೇಬೇಡಿ. ಹುಳುಗಳನ್ನು ಸೆಳೆಯಲು ಅದರಲ್ಲಿ ಬೆರೆಸುವ ಧಾನ್ಯದ ಹಿಟ್ಟು ನಾಯಿಯನ್ನೂ ಸೆಳೆಯುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ನಡುಕ, ಮೈ ಕಾವೇರುವುದು ಮತ್ತು ಫಿಟ್ಸ್ ಶುರುವಾಗುತ್ತವೆ. ಸಾಕುಪ್ರಾಣಿಗಳಿಗೂ ವನ್ಯಜೀವಿಗಳಿಗೂ ಆಗುವ ಹಾನಿಯನ್ನು ಪರಿಗಣಿಸಿ ಬ್ರಿಟನ್ನಿನಲ್ಲಿ 2022ರಿಂದ ಇದರ ಹೊರಾಂಗಣ ಬಳಕೆಯನ್ನು ನಿಷೇಧಿಸಲಾಗಿದೆ. ಐರನ್ ಫಾಸ್ಫೇಟಿನ ಗುಳಿಗೆಗಳಿಂದ ಅಪಾಯ ಕಡಿಮೆ, ಆದರೆ ನಾಯಿ ಪೊಟ್ಟಣವನ್ನೇ ತಿಂದರೆ ಅವೂ ಕೆಡುಕೇ. ಸಂಜೆ ನೀರು ಹಾಕುವುದನ್ನು ಬಿಟ್ಟು ಬೆಳಿಗ್ಗೆ ಹಾಕುವುದು, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಳುಗಳನ್ನು ಕೈಯಿಂದ ಹೆಕ್ಕುವುದು ಶ್ರಮದ ಕೆಲಸವಾದರೂ ಫಲ ಕೊಡುತ್ತದೆ.

ಇಲಿ ಪಾಷಾಣದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಬೇಕು. ಬ್ರೊಮಾಡಿಯೊಲೋನ್‌ನಂಥ ವಿಷಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ, ಮತ್ತು ಅದರ ಲಕ್ಷಣಗಳು ತೋರುವುದು ಮೂರರಿಂದ ಐದು ದಿನಗಳ ನಂತರ. ಅಷ್ಟರಲ್ಲಿ ಒಳಗೇ ರಕ್ತಸ್ರಾವವಾಗುತ್ತಿರುತ್ತದೆ. ಬೇಗ ತಿಳಿದರೆ ವಿಟಮಿನ್ ಕೆ1 ಚಿಕಿತ್ಸೆಯಿಂದ ನಾಯಿ ಉಳಿಯುತ್ತದೆ, ಆದರೆ ಆ ಚಿಕಿತ್ಸೆ ವಾರಗಟ್ಟಲೆ ನಡೆಯಬೇಕು. ಇಲಿಗಳಿಗೆ ಬೋನು ಇಡಿ, ನಾಯಿಯ ಊಟದ ತಟ್ಟೆಯನ್ನು ರಾತ್ರಿ ಹೊರಗೆ ಬಿಡಬೇಡಿ. ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಇಲಿ ಜ್ವರ ಬರುವುದರಿಂದ ಅದರ ಲಸಿಕೆ ನಿಮ್ಮ ನಾಯಿಗೆ ಆಗಿದೆಯೇ ಎಂದು ಪಶುವೈದ್ಯರಲ್ಲಿ ಕೇಳಿ. ಹಿಂದಿನ ನಿವಾಸಿಗಳು ಇಟ್ಟ ಪಾಷಾಣದ ತುಂಡುಗಳು ಶೆಡ್ಡಿನ ಮೂಲೆ, ಮೋರಿಯ ಬಾಯಿ, ಪೈಪುಗಳ ಹಿಂದೆ ಇನ್ನೂ ಉಳಿದಿರಬಹುದು. ಹೊಸ ಮನೆಗೆ ಬಂದವರು ಕೈಗವಸು ಹಾಕಿಕೊಂಡು ಈ ಜಾಗಗಳನ್ನು ತಪ್ಪದೆ ಹುಡುಕಬೇಕು.

ಪ್ರಶ್ನೆ: ಹುಲ್ಲುಹಾಸು, ಸಂಪು, ಚಿಕ್ಕ ಕೊಳ ಇವುಗಳ ಬಗ್ಗೆಯೂ ಎಚ್ಚರ ಬೇಕೇ?

ಉತ್ತರ: ಬೇಕು. ಸಂಪಿಗೂ ಶೌಚಗುಂಡಿಗೂ ದೊಡ್ಡ ನಾಯಿಯ ಭಾರವನ್ನು ತಡೆಯುವ, ಜರುಗದ ಮುಚ್ಚಳವಿರಲಿ. ಕೊಳದ ಅಂಚು ಕಡಿದಾಗಿದ್ದರೆ ಈಜು ಬಲ್ಲ ನಾಯಿಯೂ ಮೇಲೇರಲಾಗದೆ ಸೋಲುತ್ತದೆ. ಒಂದು ಬದಿಯಲ್ಲಿ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ. ಉದ್ದ ಬೆಳೆದ ಹುಲ್ಲು ಉಣ್ಣೆಗಳ ತಾಣವಾದ್ದರಿಂದ ಗಿಡ್ಡವಾಗಿ ಕತ್ತರಿಸುತ್ತಿರಿ. ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ನಿಮ್ಮ ಅಂಗೈಯ ಹಿಂಭಾಗವನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನು ಅದರ ಮೇಲೆ ನಡೆಸಬೇಡಿ. ಪ್ಲಾಸ್ಟಿಕ್ ಹುಲ್ಲು ಇನ್ನೂ ಹೆಚ್ಚು ಕಾಯುತ್ತದೆ.

ಪ್ರಶ್ನೆ: ನಾಯಿ ಏನನ್ನೋ ತಿಂದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕು ಎನ್ನುತ್ತಾರೆ. ಇದು ಸರಿಯೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ವಾಂತಿಯಾಗುವಷ್ಟು ಉಪ್ಪು ಹೊಟ್ಟೆಗೆ ಹೋದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಹಾನಿಯಾಗುತ್ತದೆ. ತಿಂದ ವಿಷಕ್ಕಿಂತ ಉಪ್ಪಿನಿಂದಲೇ ನಾಯಿ ಸಾಯುವ ಸಂಭವವಿದೆ. ವಾಂತಿ ಮಾಡಿಸಬೇಕೇ ಬೇಡವೇ ಎಂಬುದು ತಿಂದ ವಸ್ತುವನ್ನು ಅವಲಂಬಿಸಿದೆ. ಕ್ಷಾರ, ಆಮ್ಲ ಅಥವಾ ಸೀಮೆಎಣ್ಣೆಯಂಥವನ್ನು ನುಂಗಿದ್ದರೆ, ಅಥವಾ ನಾಯಿ ಮಂಪರಿನಲ್ಲಿದ್ದರೆ, ವಾಂತಿ ಮಾಡಿಸುವುದೇ ಅಪಾಯ. ಜಿಂಕ್ ಫಾಸ್ಫೈಡ್ ಇರುವ ಇಲಿ ಪಾಷಾಣವನ್ನು ತಿಂದಿದ್ದರೆ ಹೊಟ್ಟೆಯಲ್ಲಿ ಹುಟ್ಟುವ ಫಾಸ್ಫೀನ್ ಅನಿಲ ವಾಂತಿಯೊಂದಿಗೆ ಹೊರಬಂದು ಹತ್ತಿರದಲ್ಲಿರುವ ಮನುಷ್ಯರಿಗೂ ತೊಂದರೆ ಕೊಡುತ್ತದೆ. ಅಂಥ ನಾಯಿಯನ್ನು ಕಾರಿನಲ್ಲಿ ಒಯ್ಯುವಾಗ ಕಿಟಕಿಗಳನ್ನು ಪೂರ್ತಿ ತೆರೆದಿಡಿ. ನೆಲಗಪ್ಪೆಯನ್ನು ಕಚ್ಚಿ ಬಾಯಿಯಲ್ಲಿ ನೊರೆ ಬಂದಿದ್ದರೆ ಮಾತ್ರ ಮನೆಯಲ್ಲೇ ಮಾಡಬೇಕಾದ ಕೆಲಸವೊಂದಿದೆ: ನಾಯಿಯ ತಲೆಯನ್ನು ಕೆಳಗೆ ಬಾಗಿಸಿ, ನೀರು ಗಂಟಲಿಗೆ ಇಳಿಯದೆ ಹೊರಗೆ ಹರಿಯುವಂತೆ ಬಾಯಿಯನ್ನು ಕೆಲವು ನಿಮಿಷ ತೊಳೆದು, ಒಸಡುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ವೈದ್ಯರಲ್ಲಿಗೆ ಹೊರಡಿ.

ಬೇರೆಲ್ಲ ಸಂದರ್ಭಗಳಲ್ಲಿ, ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ. ನಾಯಿಯ ತೂಕ, ತಿಂದದ್ದು ಏನು, ಸುಮಾರು ಎಷ್ಟು, ಎಷ್ಟು ಹೊತ್ತಾಯಿತು ಎಂಬ ನಾಲ್ಕು ವಿಷಯಗಳನ್ನು ಅವರು ಮೊದಲು ಕೇಳುತ್ತಾರೆ. ಹೊರಡುವಾಗ ಗುಳಿಗೆಯ ಪೊಟ್ಟಣವನ್ನೋ, ಅಗಿದು ಬಿಟ್ಟ ಗಿಡದ ರೆಂಬೆಯನ್ನೋ ಚೀಲದಲ್ಲಿ ಹಾಕಿಕೊಂಡೇ ಹೋಗಿ, ಏಕೆಂದರೆ ಒಂದು ಇಲಿ ಪಾಷಾಣಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ, ಮತ್ತು ಪೊಟ್ಟಣದ ಮೇಲೆ ಬರೆದ ಹೆಸರನ್ನು ಓದಿಯೇ ವೈದ್ಯರು ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ.