ಓದುಗರ ಪ್ರಶ್ನೆ, ತಜ್ಞರ ಉತ್ತರ: ಪಿಕೆಯು ಮತ್ತು ವಯಸ್ಕರ ಮಿದುಳು

ಪ್ರಶ್ನೆ: ನನಗೆ 29 ವರ್ಷ. ಹುಟ್ಟಿದ ವಾರದಲ್ಲೇ ಫಿನೈಲ್‌ಕೀಟೋನೂರಿಯಾ, ಅಂದರೆ ಪಿಕೆಯು ಪತ್ತೆಯಾಗಿ ಪ್ರೋಟೀನ್ ಕಡಿಮೆ ಇರುವ ಪಥ್ಯದಲ್ಲಿ ಬೆಳೆದೆ. 16ಕ್ಕೆ ಪಥ್ಯ ಬಿಟ್ಟೆ. ಈಗ ಎಂಆರ್‌ಐ ವರದಿಯಲ್ಲಿ ಮಿದುಳಿನ ಕುಹರಗಳ (ದ್ರವ ತುಂಬಿದ ಟೊಳ್ಳುಗಳ) ಸುತ್ತ ಬಿಳಿ ಮಚ್ಚೆಗಳಿವೆ ಎಂದಿದೆ. ಮಿದುಳು ಸವೆಯುತ್ತಿದೆಯೇ?

ಉತ್ತರ: ಮಚ್ಚೆ ಕಂಡ ಮಾತ್ರಕ್ಕೆ ಸವೆತ ಎನ್ನಲಾಗದು. ಪ್ರೋಟೀನಿನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಟೈರೋಸಿನ್ ಆಗಿ ಬದಲಿಸಬೇಕಾದ ಯಕೃತ್ತಿನ ಕಿಣ್ವ ನಿಮ್ಮಲ್ಲಿ ಕೆಲಸ ಮಾಡುತ್ತಿಲ್ಲ. ಹಾಗೆ ಉಳಿದ ಫಿನೈಲ್‌ಅಲನಿನ್ ಮಿದುಳನ್ನೂ ಸೇರುತ್ತದೆ. ಅಲ್ಲಿ ನರತಂತುಗಳನ್ನು ಸುತ್ತಿರುವ ಮಯಲಿನ್ ಹೊದಿಕೆಯ ಪದರಗಳ ನಡುವೆ ನೀರು ಸಿಕ್ಕಿಕೊಳ್ಳುತ್ತದೆ. ಚಿತ್ರದಲ್ಲಿ ಬೆಳ್ಳಗೆ ಕಾಣುವುದಕ್ಕೆ ಮುಖ್ಯ ಕಾರಣ ಇದೇ ಎಂಬುದು ಈಗಿನ ತಿಳಿವಳಿಕೆ. ಸಾಮಾನ್ಯವಾಗಿ ಮೊದಲು ತಲೆಯ ಹಿಂಭಾಗದ ಕುಹರಗಳ ಪಕ್ಕದಲ್ಲಿ, ಎರಡೂ ಕಡೆ ಒಂದೇ ರೀತಿ ಕಾಣಿಸಿಕೊಂಡು, ರಕ್ತದ ಫಿನೈಲ್‌ಅಲನಿನ್ ಮಟ್ಟ ವರ್ಷಗಟ್ಟಲೆ ಏರಿದ್ದರೆ ಮುಂದಕ್ಕೂ ಹಬ್ಬುತ್ತದೆ. ಮಟ್ಟ ಇಳಿಸಿದರೆ ಕೆಲವು ತಿಂಗಳಲ್ಲಿ ಮಚ್ಚೆಗಳು ಎಷ್ಟೋ ಮಟ್ಟಿಗೆ ಮಸುಕಾಗುವುದುಂಟು. ಸತ್ತ ಅಂಗಾಂಶವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇನ್ನೊಂದು ಮಾತು: ಮಚ್ಚೆ ಎಷ್ಟಿದೆ ಎಂಬುದಕ್ಕೂ ಬುದ್ಧಿ ಎಷ್ಟು ಚುರುಕಾಗಿದೆ ಎಂಬುದಕ್ಕೂ ನೇರ ಲೆಕ್ಕ ಕೂಡುವುದಿಲ್ಲ. ಆದ್ದರಿಂದ ವರ್ಷವರ್ಷ ಎಂಆರ್‌ಐ ಮಾಡಿಸುವುದಕ್ಕಿಂತ ರಕ್ತದ ಮಟ್ಟ ನೋಡಿಕೊಳ್ಳುವುದು ಮೇಲು. ಕೈನಡುಕ, ಕಾಲಿನ ಬಿಗಿತ, ನಡಿಗೆಯಲ್ಲಿ ತೊಡರು ಅಥವಾ ಕಣ್ಣು ಮಂಜಾಗುವುದು ಹೊಸದಾಗಿ ಶುರುವಾದರೆ ಮಾತ್ರ ತಡಮಾಡದೆ ನರರೋಗ ತಜ್ಞರನ್ನು ಕಾಣಿ. ಸ್ಕ್ಯಾನ್ ಓದುವವರಿಗೆ ಪಿಕೆಯು ಇದೆ ಎಂದು ಮೊದಲೇ ಬರೆದುಕೊಡಿ. ಇಲ್ಲದಿದ್ದರೆ ಮಯಲಿನ್ ಹಾಳುಮಾಡುವ ಬೇರೆ ಕಾಯಿಲೆಯ ಬೆನ್ನುಹತ್ತುವ ಸಾಧ್ಯತೆ ಇದೆ.

ಪ್ರಶ್ನೆ: ಓದಿನಲ್ಲಿ ಹಿಂದೆ ಬಿದ್ದವಳಲ್ಲ, ಐಕ್ಯೂ ಕೂಡ ಸರಿಯಾಗಿದೆ. ಆದರೂ ಎರಡು ಕೆಲಸ ಒಟ್ಟಿಗೆ ಬಂದರೆ ತಲೆ ಮಂಕಾಗುತ್ತದೆ. ರಕ್ತದಲ್ಲಿ ನನ್ನ ಫಿನೈಲ್‌ಅಲನಿನ್ ಮಟ್ಟ ಲೀಟರಿಗೆ 1,100 ಮೈಕ್ರೋಮೋಲ್.

ಉತ್ತರ: ಐಕ್ಯೂ ಪರೀಕ್ಷೆ ಇಲ್ಲಿ ಮೊಂಡು ಅಳತೆಗೋಲು. ಪಿಕೆಯುನಲ್ಲಿ ಮೊದಲು ಕುಂದುವುದು ವೇಗ, ಗಮನ ಹಿಡಿದಿಡುವ ಶಕ್ತಿ, ಒಂದರಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವ ಚಾಕಚಕ್ಯ. ಕಾರಣ ಹೀಗೆ: ಫಿನೈಲ್‌ಅಲನಿನ್, ಟೈರೋಸಿನ್, ಟ್ರಿಪ್ಟೊಫ್ಯಾನ್ ಈ ಮೂರೂ ಅಮೈನೋ ಆಮ್ಲಗಳು ಮಿದುಳಿಗೆ ಒಂದೇ ಬಾಗಿಲಿನಿಂದ ಹೋಗಬೇಕು. ಮೊದಲನೆಯದು ತುಂಬಿಕೊಂಡರೆ ಉಳಿದೆರಡು ಹೊರಗೇ ನಿಲ್ಲುತ್ತವೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ, ಟೈರೋಸಿನ್ ಇಲ್ಲದೆ ಡೋಪಮಿನ್ ತಯಾರಾಗದು, ಟ್ರಿಪ್ಟೊಫ್ಯಾನ್ ಇಲ್ಲದೆ ಸೆರೊಟೋನಿನ್. ಹಣೆಯ ಹಿಂದಿನ ಮಿದುಳಿಗೆ ಡೋಪಮಿನ್ ಕೊರತೆ ಬಲು ಬೇಗ ತಟ್ಟುತ್ತದೆ. ಕಳವಳ, ಬೇಸರ ಜೊತೆಗೂಡುವುದಕ್ಕೂ ಇದು ಒಂದು ಕಾರಣ.

ಯುರೋಪಿನ ಮಾರ್ಗಸೂಚಿ 12 ದಾಟಿದವರಿಗೆ ಲೀಟರಿಗೆ 120ರಿಂದ 600 ಮೈಕ್ರೋಮೋಲ್ ಎನ್ನುತ್ತದೆ. ಅಮೆರಿಕದ್ದು ಜೀವನಪೂರ್ತಿ 360 ಮೀರಬಾರದು ಎನ್ನುತ್ತದೆ. ನಿಮ್ಮ 1,100 ಎರಡಕ್ಕೂ ಹೊರಗಿದೆ. ವರದಿ ಮಿಲಿಗ್ರಾಂನಲ್ಲಿದ್ದರೆ, ಡೆಸಿಲೀಟರಿಗೆ 1 ಮಿಲಿಗ್ರಾಂ ಎಂದರೆ ಸುಮಾರು 60 ಮೈಕ್ರೋಮೋಲ್. ಸಮಯ ಅಳೆಯುವ ಮನೋಪರೀಕ್ಷೆಗಳನ್ನು ಈಗೊಮ್ಮೆ ಮಾಡಿಸಿ, ಅದೇ ದಿನ ರಕ್ತವನ್ನೂ ಕೊಡಿ. ಮಟ್ಟ ಇಳಿಸಿ ಮೂರು ತಿಂಗಳ ನಂತರ ಅದೇ ಪರೀಕ್ಷೆ ಮತ್ತೊಮ್ಮೆ. ಮಂಕಿಗೆ ಪಿಕೆಯು ಎಷ್ಟು ಕಾರಣ ಎಂಬುದರ ಅಂದಾಜು ಆಗ ಸಿಗುತ್ತದೆ. ನಿದ್ದೆ, ಥೈರಾಯ್ಡ್, ಕಬ್ಬಿಣದ ಅಂಶವನ್ನೂ ನೋಡಿಸಿ. ಎಲ್ಲ ತಪ್ಪನ್ನೂ ಪಿಕೆಯು ತಲೆಗೆ ಕಟ್ಟಬೇಡಿ.

ಪ್ರಶ್ನೆ: ಊಟ ಬದಲಾಗಿಲ್ಲ, ಆದರೂ ಬೆರಳಿನ ರಕ್ತದ ಹನಿ ಒಣಗಿಸಿ ಕಳಿಸುವ ಕಾರ್ಡಿನ ಫಲಿತಾಂಶ ಒಂದು ವಾರ 480, ಮರುವಾರ 720. ಯಾವುದನ್ನು ನಂಬಲಿ?

ಉತ್ತರ: ಮೊದಲು ರಕ್ತ ತೆಗೆಯುವ ಕ್ರಮ ನೋಡಿ. ರಾತ್ರಿಯ ಉಪವಾಸದ ನಂತರ ಮಟ್ಟ ಹೆಚ್ಚಿರುತ್ತದೆ, ದಿನ ಕಳೆದಂತೆ ಇಳಿಯುತ್ತದೆ. ಆದ್ದರಿಂದ ಪ್ರತಿ ಸಲವೂ ಬೆಳಿಗ್ಗೆ ಅದೇ ಹೊತ್ತಿಗೆ, ಪ್ರೋಟೀನ್ ಪುಡಿ (ಫಿನೈಲ್‌ಅಲನಿನ್ ಇಲ್ಲದ ಅಮೈನೋ ಆಮ್ಲಗಳ ಪುಡಿ) ಕುಡಿಯುವ ಮೊದಲು ತೆಗೆಯಿರಿ. ಮೊದಲ ಹನಿ ಒರೆಸಿ, ಮುಂದಿನ ದೊಡ್ಡ ಹನಿಯೊಂದರಿಂದಲೇ ಕಾರ್ಡಿನ ವೃತ್ತ ತುಂಬಿಸಿ. ಹನಿಯ ಮೇಲೆ ಹನಿ ಬಿದ್ದರೆ ಫಲಿತಾಂಶ ಮೇಲೇರುತ್ತದೆ, ಹನಿ ಚಿಕ್ಕದಾದರೆ ಇಳಿಯುತ್ತದೆ. ಬಿಸಿಲಿಗೆ ಹಿಡಿಯದೆ ನಾಲ್ಕು ಗಂಟೆ ಒಣಗಲು ಬಿಡಿ. ಕಾರ್ಡಿನ ಅಂಕಿ ಸಾಮಾನ್ಯವಾಗಿ ರಕ್ತನಾಳದ ರಕ್ತದ್ದಕ್ಕಿಂತ ಕಡಿಮೆ ಬರುವುದರಿಂದ ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಕ್ರಮ ಸರಿಯಿದ್ದೂ ಏರಿದ್ದರೆ ಜ್ವರವೋ ತೂಕ ಇಳಿದದ್ದೋ ಇರಬಹುದು. ಆಗ ದೇಹ ತನ್ನದೇ ಸ್ನಾಯು ಕರಗಿಸಿ ಫಿನೈಲ್‌ಅಲನಿನ್ ಬಿಡುಗಡೆ ಮಾಡುತ್ತದೆ. ಊಟ ಇನ್ನೂ ಕಡಿಮೆ ಮಾಡಿದರೆ ಮಟ್ಟ ಮತ್ತೂ ಏರುತ್ತದೆ. ಪುಡಿಯನ್ನು ಒಂದೇ ಸಲ ಕುಡಿಯುವುದೂ ತಪ್ಪು: ಅಮೈನೋ ಆಮ್ಲಗಳು ಬಳಕೆಯಾಗುವ ಮೊದಲೇ ಉರಿದುಹೋಗುತ್ತವೆ. ಮೂರು ನಾಲ್ಕು ಪಾಲು ಮಾಡಿಕೊಳ್ಳಿ. ಸಕ್ಕರೆಯಿಲ್ಲದ ಪಾನೀಯಗಳ ಲೇಬಲ್ ಓದಿ. ಅವುಗಳಲ್ಲಿ ಬಳಸುವ ಕೃತಕ ಸಿಹಿ ಆಸ್ಪರ್ಟೇಮ್‌ನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಫಿನೈಲ್‌ಅಲನಿನ್ ಇದೆ.

ಪ್ರಶ್ನೆ: ಪುಡಿ ನಿಲ್ಲಿಸಿದ್ದೇನೆ, ಆದರೆ ಮಾಂಸ, ಹಾಲು ಈಗಲೂ ಸೇರುವುದಿಲ್ಲ. ಪಾದ ಜೋಮು ಹಿಡಿಯುತ್ತದೆ, ಮರೆವೂ ಇದೆ.

ಉತ್ತರ: ಬಿ12 ಕೊರತೆಯ ಗುಮಾನಿ ಇದೆ. ಆ ಪುಡಿಯಲ್ಲೇ ನಿಮಗೆ ಬಿ12 ಸಿಗುತ್ತಿತ್ತು. ರಕ್ತದ ಬಿ12 ಅಂಕಿ ಸರಿ ಎಂದು ಬಂದರೂ ಸುಮ್ಮನಾಗಬೇಡಿ. ಬಿ12 ಕೊರತೆಯಾದಾಗ ಏರುವ ಮೀಥೈಲ್‌ಮಲೋನಿಕ್ ಆಮ್ಲವನ್ನೂ ಪರೀಕ್ಷಿಸಿ ಎಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಫೋಲಿಕ್ ಆಮ್ಲದ ಮಾತ್ರೆಯೊಂದನ್ನೇ ನುಂಗಬೇಡಿ: ರಕ್ತಹೀನತೆ ಮರೆಯಾಗುತ್ತದೆ, ನರದ ಹಾನಿ ಮುಂದುವರಿಯುತ್ತದೆ.